ಐದು ನಲವತ್ತರ ಸಂದೇಶ

"ನೀವಾ? ನೀವೇ ನನ್ನನ್ನ ಕರೀತಿದೀರಾ?"

ಫೋನಿನ ಆ ಕಡೆಯಿಂದ ಟೀಚರು ಹೀಗೆ ಕೇಳಿದಾಗ ಆಪರೇಟರನಿಗೆ ಖುಷಿಯೇ ಆಯಿತು. ಇಷ್ಟು ವರ್ಷದ ಮೇಲೂ ಗುರುತು ಹಿಡಿದರಲ್ಲ ಎಂದುಕೊಂಡ. ಅವನ ರಿಪೇರಿ ಅಂಗಡಿಯ ಮೇಜಿನ ಮೇಲೆ, ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದ ಮಿಕ್ಸರಿನ ಪಕ್ಕದಲ್ಲಿ, ಮಾಜಿ ಸೈನಿಕರ ಕೂಟದ ಪಟ್ಟಿ ಹರಡಿತ್ತು. ಒಟ್ಟು ಮೂವತ್ತೊಂದು ಹೆಸರು. ಬರುತ್ತೇನೆಂದವರ ಮುಂದೆ ಹಸಿರು ಗೆರೆ, ತೀರಿಕೊಂಡವರ ಮುಂದೆ ಅವರ ಮನೆಯವರ ನಂಬರು. ಟೀಚರು ಸಾರ್ಜೆಂಟನ ಹೆಂಡತಿ. ಮೂವತ್ತನಾಲ್ಕು ವರ್ಷದ ಹಿಂದೆ ಸೇತುವೆ ಮುರಿದುಬಿದ್ದು ಹೊಳೆಯ ಆಚೆ ದಡದಲ್ಲೇ ಉಳಿದುಹೋದ ಮೂವರಲ್ಲಿ ಆ ಸಾರ್ಜೆಂಟನೂ ಒಬ್ಬ.

"ಹೌದಮ್ಮ, ನಾನೇ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಇಟ್ಕೊಂಡಿದೀವಿ. ನೀವು ಬರಲೇಬೇಕು. ಕ್ಯಾಪ್ಟನ್ ಸಾಹೇಬರೂ ಬರ್ತಾರೆ."

"ನೋಡಿ," ಎಂದರು ಟೀಚರು, ತರಗತಿಯಲ್ಲಿ ಪಾಠ ಹೇಳುವಷ್ಟೇ ಸ್ಪಷ್ಟವಾಗಿ. "ನಿಮ್ಮ ಒಂದು ನಿದ್ದೆಗೆ ನಮ್ಮನೇವರು ಹೋದ್ರು. ಅದನ್ನ ನಾನು ಯಾವತ್ತೋ ಕ್ಷಮಿಸಿದೀನಿ. ಆದ್ರೆ ನೀವೇ ಫೋನ್ ಮಾಡಿ ಊಟಕ್ಕೆ ಬನ್ನಿ ಅಂದ್ರೆ, ಬಂದು ಕೂತ್ಕೊಳ್ಳೋವಷ್ಟು ದೊಡ್ಡ ಮನಸ್ಸು ನನಗಿಲ್ಲ."

ಫೋನು ಕಟ್ಟಾಯಿತು. ಆಪರೇಟರ ಅದನ್ನು ಕಿವಿಗೆ ಹಿಡಿದುಕೊಂಡೇ ಕೂತ. ನಿದ್ದೆಯೇ? ಯಾರ ನಿದ್ದೆ? ಸೈನ್ಯದಲ್ಲಿ ಹನ್ನೊಂದು ವರ್ಷ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ಕೂತವನು ಅವನು. ಎಷ್ಟೋ ಸಲ ಕೂತಲ್ಲೇ ಉಂಡಿದ್ದ, ಕೂತಲ್ಲೇ ಜ್ವರದಲ್ಲಿ ನಡುಗಿದ್ದ. ಕೂತಲ್ಲಿ ಒಂದು ದಿನವೂ ಕಣ್ಣು ಮುಚ್ಚಿದವನಲ್ಲ. ಪಾಪ, ಟೀಚರಿಗೆ ವಯಸ್ಸಾಯಿತು, ಯಾರದನ್ನೋ ಯಾರಿಗೋ ಗಂಟು ಹಾಕಿಕೊಂಡಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.

ಏಕೆಂದರೆ ಹಸಿರು ಗೆರೆ ಬಿದ್ದವರ ಮಾತೂ ಈಗ ಒಂದೊಂದಾಗಿ ನೆನಪಿಗೆ ಬಂತು. ಬೇಕರಿ ಇಟ್ಟಿರುವವನು, "ನೀನೇ ಮುಂದೆ ನಿಂತು ಮಾಡ್ತಿದೀಯಾ? ಗಟ್ಟಿಗ ಕಣಯ್ಯ!" ಎಂದಿದ್ದ. ಬ್ಯಾಂಕಿನ ಕಾವಲಿನವನು, "ಹಳೇದೆಲ್ಲ ಬಿಡು, ನಾವ್ಯಾರೂ ಮನಸ್ಸಲ್ಲಿ ಇಟ್ಕೊಂಡಿಲ್ಲ," ಎಂದು ಸಮಾಧಾನದ ದನಿಯಲ್ಲಿ ಹೇಳಿದ್ದ. ಹಳೇದೆಂದರೆ ಇಸ್ಪೀಟಿನ ಜಗಳವಿರಬೇಕು ಎಂದುಕೊಂಡು ಆಪರೇಟರ ಹೊಟ್ಟೆ ತುಂಬ ನಕ್ಕಿದ್ದ. ಆ ನಗೆಯನ್ನು ನೆನೆದು ಈಗ ಅವನಿಗೆ ಮೈ ಉರಿಯಿತು.

ಕೂಟದ ಹುಚ್ಚು ಹಿಡಿದದ್ದು ಅವನಿಗೇ. ಎರಡು ತಿಂಗಳಿಂದ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಹಾಲ್ ಗೊತ್ತು ಮಾಡಿದ್ದ, ಕುರ್ಚಿ ಎಷ್ಟು ಸಾಲು ಎಂದು ಚಿತ್ರ ಬರೆದಿದ್ದ. ಕ್ಯಾಪ್ಟನ್ನರಿಗೆ ಕೊಡಲು ಒಂದು ಹಿತ್ತಾಳೆಯ ಫಲಕ ಮಾಡಿಸಿ, ಅದರ ಮೇಲಿನ ಸಾಲನ್ನು ನಾಲ್ಕು ದಿನ ತಿದ್ದಿ ತೀಡಿ ತಾನೇ ಬರೆದಿದ್ದ: 'ನಮ್ಮನ್ನು ಜೀವಂತ ವಾಪಸು ಕರೆತಂದವರಿಗೆ.' "ನಮ್ಮ ಮದುವೆಗೂ ನೀವು ಇಷ್ಟು ಓಡಾಡ್ಲಿಲ್ಲ," ಎಂದು ಹೆಂಡತಿ ಹಂಗಿಸಿದ್ದಳು. ಎರಡು ತಿಂಗಳೂ ಅಡ್ಡಗಾಲು ಹಾಕಿದವನು ಒಬ್ಬನೇ, ಅವನ ಜೀವದ ಗೆಳೆಯ ಡ್ರೈವರ. "ಯಾಕೋ ಬೇಕು ಇದೆಲ್ಲ? ಸತ್ತೋರನ್ನ ಎಬ್ಬಿಸೋ ಕೆಲಸ," ಎಂದು ಪ್ರತಿ ಸಲವೂ ಗೊಣಗಿದ್ದ. ಗೆಳೆಯನಿಗೆ ಸೋಮಾರಿತನ ಎಂದುಕೊಂಡಿದ್ದ ಆಪರೇಟರ.

ಅಂಗಡಿಯ ಬಾಗಿಲೆಳೆದು ಅವನು ನೇರವಾಗಿ ಡ್ರೈವರನ ಡ್ರೈವಿಂಗ್ ಸ್ಕೂಲಿಗೆ ನಡೆದ. ಹೆಸರಿಗೆ ಸ್ಕೂಲು; ಇರುವುದು ಒಂದು ಸಣ್ಣ ಕೋಣೆ, ಒಂದು ಹಳೆಯ ಕಾರು. ಕಲಿಯುವವರು ತಪ್ಪಿದರೆ ಕಲಿಸುವವನು ಹಿಡಿದು ನಿಲ್ಲಿಸಲೆಂದು ಕಾರಿನ ಎಡಕ್ಕೂ ಒಂದು ಬ್ರೇಕು. ಡ್ರೈವರ ಅದೇ ಎಡಗಡೆಯ ಸೀಟಿನಲ್ಲಿ ಕೂತು ಕನ್ನಡಿ ಒರೆಸುತ್ತಿದ್ದ. ಆಪರೇಟರ ಸುತ್ತಿ ಬಂದು ಸ್ಟೇರಿಂಗ್ ಮುಂದೆ ಕೂತು ಬಾಗಿಲು ಹಾಕಿಕೊಂಡ.

"ಏನ್ ಸಾರ್, ಲೈಸೆನ್ಸ್ ಬೇಕಾ ಈ ವಯಸ್ಸಲ್ಲಿ?" ಎಂದ ಡ್ರೈವರ.

"ಟೀಚರಿಗೆ ಫೋನ್ ಮಾಡಿದ್ದೆ. ನಾನು ನಿದ್ದೆ ಮಾಡಿದ್ನಂತೆ."

ಡ್ರೈವರನ ಮುಖದ ನಗೆ ಅಲ್ಲೇ ಒಣಗಿತು. ಕನ್ನಡಿ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿದ, ಮತ್ತೆ ಬಿಚ್ಚಿ ಮಡಚಿದ. ಮೂವತ್ತನಾಲ್ಕು ವರ್ಷ ಒಂದೇ ತಟ್ಟೆಯಲ್ಲಿ ಉಂಡವರಿಗೆ ಇಷ್ಟು ಸಾಕು.

"ನಿನಗೆ ಗೊತ್ತಿತ್ತು," ಎಂದ.

"ನಿನಗೆ ಕೈ ಮುಗೀತೀನಿ, ಕೂಟ ಬೇಡ ಅಂತ ಎಷ್ಟು ಸಲ ಹೇಳಿದೆ ನಾನು!"

"ಏನು ಗೊತ್ತಿತ್ತು, ಅದನ್ನ ಹೇಳು."

ಡ್ರೈವರ ಹೇಳಿದ. ಕಾರು ನಿಂತೇ ಇದ್ದರೂ ಅವನ ಕಾಲು ಬ್ರೇಕನ್ನು ಒತ್ತಿ ಹಿಡಿದಿತ್ತು. ಸೇತುವೆ ಬಿದ್ದ ಮೇಲೆ ಆಪರೇಟರ ಕಾಮಾಲೆಯಾಗಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಆಗ ಮೇಲಿನವರು ವಿಚಾರಣೆಗೆ ಬಂದರು. ಹಿಂದಿರುಗುವ ಆದೇಶ ಬಂದದ್ದು ಎಷ್ಟು ಹೊತ್ತಿಗೆ, ಕಂಪನಿ ಹೊರಟದ್ದೇಕೆ ಅಷ್ಟು ತಡವಾಗಿ ಎಂದು ಕೇಳಿದರು. ಕ್ಯಾಪ್ಟನ್ನರು ಒಂದು ಹಾಳೆ ತಯಾರು ಮಾಡಿ ಇಟ್ಟಿದ್ದರು. ಆಪರೇಟರ ದಣಿದು ನಿದ್ದೆ ಹೋಗಿದ್ದ, ಸಂದೇಶ ತಲುಪಿಸಿದ್ದು ಏಳು ಗಂಟೆಗೆ, ಹುಡುಗನ ವಯಸ್ಸು ನೋಡಿ ಶಿಕ್ಷೆ ಬೇಡ ಎಂದು ಅದರಲ್ಲಿತ್ತು. ಕೆಳಗೆ ಎಲ್ಲರ ಸಹಿ.

"ಮೊದಲ ಸಹಿ ಯಾರದು?"

ಡ್ರೈವರ ಕನ್ನಡಿಯನ್ನು ತನ್ನ ಮುಖ ಕಾಣದಂತೆ ತಿರುಗಿಸಿದ.

"ಬೇರೆಯವ್ರ ಮಾತು ಬಿಡು, ಅವ್ರು ಆಗ ಅಲ್ಲಿರ್ಲಿಲ್ಲ, ಹೇಳಿದ್ದನ್ನ ನಂಬಿದ್ರು. ನೀನು ಬಾಗಿಲಲ್ಲೇ ನಿಂತಿದ್ದೆ. ನಾನು ಸಾಹೇಬ್ರಿಗೆ ಸಂದೇಶದ ಚೀಟಿ ಕೊಟ್ಟಿದ್ದು ನೋಡಿದೆ. ಅವ್ರು ಅದನ್ನ ಓದಿ ಜೇಬಿಗೆ ಹಾಕ್ಕೊಂಡಿದ್ದು ನೋಡಿದೆ."

"ನೋಡಿದೆ ಕಣೋ. ನೋಡಿದೆ," ಎಂದ ಡ್ರೈವರ. "ಸಹಿ ಹಾಕ್ದೋರಿಗೆ ರಜೆ, ಹಾಕದೋರು ವಿಚಾರಣೆ ಮುಗಿಯೋ ತನಕ ಅಲ್ಲೇ ಅಂದ್ರು ಸಾಹೇಬ್ರು. ನನ್ನ ಹೆಂಡ್ತಿಗೆ ದಿನ ತುಂಬಿತ್ತು, ಮೊದಲ್ನೇ ಹೆರಿಗೆ. ಶಿಕ್ಷೆ ಏನೂ ಆಗಲ್ಲ, ಹಾಳೆ ಫೈಲಲ್ಲಿ ಕೊಳೆಯುತ್ತೆ, ಅವನಿಗೆ ಗೊತ್ತೂ ಆಗಲ್ಲ ಅಂದ್ರು. ಗೊತ್ತಾಗ್ಲೂ ಇಲ್ವಲ್ಲ!"

ಆ ಹೆರಿಗೆಯಲ್ಲಿ ಹುಟ್ಟಿದ ಹುಡುಗಿ ಆಪರೇಟರನನ್ನು ಚಿಕ್ಕಪ್ಪ ಎಂದೇ ಕರೆಯುವುದು. ಅವಳ ಮೊದಲ ಸೈಕಲ್ಲು ಅವನು ಕೊಡಿಸಿದ್ದು, ಅವಳ ಮದುವೆಯ ದೀಪಗಳನ್ನೆಲ್ಲ ಅವನೇ ಏಣಿ ಹತ್ತಿ ಕಟ್ಟಿದ್ದು. ಅದೆಲ್ಲ ಈಗ ಒಟ್ಟಿಗೆ ಕಣ್ಣ ಮುಂದೆ ಬಂತು. ಬೈಯಲು ಬಾಯಿ ತೆರೆದ. ಸೈನ್ಯದಲ್ಲಿ ಕಲಿತ ಬೈಗುಳ ಅವನ ಹತ್ತಿರ ಸಾಕಷ್ಟಿದ್ದವು. ಒಂದೂ ಈ ಕೆಲಸಕ್ಕೆ ಸಾಲುವಂತಿರಲಿಲ್ಲ.

"ಬ್ರೇಕಿಂದ ಕಾಲು ತೆಗಿ," ಎಂದಷ್ಟೇ ಹೇಳಿ ಇಳಿದುಬಿಟ್ಟ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ ಮೊದಲ ಸಲ, ಆ ಸಂಜೆಯದನ್ನೂ ಹೇಳಿದ. ಸಂದೇಶ ಬಂದದ್ದು ಐದು ನಲವತ್ತಕ್ಕೆ. ಬರೆದುಕೊಂಡು ಓಡಿಹೋಗಿ ಕ್ಯಾಪ್ಟನ್ನರ ಕೈಗೇ ಕೊಟ್ಟ. ನಿಯಮದಂತೆ ಪುಸ್ತಕದಲ್ಲಿ ಸಮಯ ಬರೆದು ಅವರ ಸಹಿ ತೆಗೆದುಕೊಂಡ. ಪಕ್ಕದ ಕಂಪನಿ ಇನ್ನೂ ಹೊರಟಿಲ್ಲ, ನಾವೇ ಮೊದಲು ಓಡಿದೆವು ಎನಿಸಿಕೊಳ್ಳುವುದು ಬೇಡ, ಇನ್ನೊಂದು ಗಂಟೆ ನೋಡೋಣ ಎಂದರು ಅವರು. ಏಳಕ್ಕೆ ಹೊರಟು, ಕೊನೆಯ ಮೂವರು ದಾಟುವ ಮುನ್ನವೇ ಸೇತುವೆಯ ಮೇಲೆ ಶೆಲ್ಲು ಬಿತ್ತು. ಹೊರಡುವ ಮುನ್ನ ಕಾಗದವನ್ನೆಲ್ಲ ಸುಡಬೇಕೆಂಬುದು ಆದೇಶ. ಸಹಿಯಿದ್ದ ಆ ಪುಸ್ತಕವನ್ನು ಆಪರೇಟರ ತನ್ನ ಕೈಯಾರೆ ಸುಟ್ಟ. ಮರುದಿನ ಕ್ಯಾಪ್ಟನ್ನರು ಅವನ ಹೆಗಲ ಮೇಲೆ ಕೈ ಇಟ್ಟು ಅತ್ತರು. "ಇದು ನಮ್ಮಿಬ್ಬರಲ್ಲೇ ಇರಲಿ, ಮರಿ," ಎಂದರು.

"ನೀವು ಇಟ್ಕೊಂಡ್ರಿ," ಎಂದಳು ಹೆಂಡತಿ.

"ಆಗ ಇಪ್ಪತ್ಮೂರು ವರ್ಷ ನನಗೆ. ಅಂಥ ದೊಡ್ಡ ಮನುಷ್ಯ ನನ್ನ ಹೆಗಲ ಮೇಲೆ ಅತ್ರೆ ಏನು ಮಾಡ್ಲಿ? ನಿನಗೂ ಹೇಳ್ಲಿಲ್ಲ. ಆ ಡ್ರೈವರ್ ನನ್ಮಗನಿಗೂ ಹೇಳ್ಲಿಲ್ಲ, ಅವನು ನೋಡಿದ್ರೂ. ಸಾಹೇಬರ ಹೆಸರು ಕೆಡಬಾರ್ದು ಅಂತ."

ಹೆಂಡತಿ ಹಂಗಿಸಲಿಲ್ಲ. ಅವನ ಚಪ್ಪಲಿಯನ್ನು ಬಾಗಿಲಿನ ಕಡೆಗೆ ತಿರುಗಿಸಿಟ್ಟಳು. "ಮೊದಲು ಆ ಟೀಚರ ಹತ್ರ ಹೋಗಿಬನ್ನಿ," ಎಂದಳು. "ಅವರ ಮನಸ್ಸಲ್ಲಿ ನೀವು ಇನ್ನೊಂದು ದಿನ ಹಾಗೇ ಇರಬಾರ್ದು."

ಟೀಚರ ಮನೆ ಮೂರನೆಯ ಮಹಡಿ. ಲಿಫ್ಟು ಕೆಟ್ಟಿತ್ತು. ಏರಿ ಹೋಗುವಷ್ಟರಲ್ಲಿ ಆಪರೇಟರನಿಗೆ ಏದುಸಿರು ಬಂದು, ಬಾಗಿಲು ತೆರೆದ ಟೀಚರ ಮುಂದೆ ಮೊದಲ ಅರ್ಧ ನಿಮಿಷ ಸುಮ್ಮನೆ ನಿಲ್ಲಬೇಕಾಯಿತು. ಬೆಳ್ಳಗಿನ ಕೂದಲನ್ನು ಬಿಗಿಯಾಗಿ ಕಟ್ಟಿದ, ಸಣಕಲು ಮೈಯ ಹೆಂಗಸು. ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ಅವರ ಹಿಂದೆ ಗೋಡೆಯ ಮೇಲೆ ಸಾರ್ಜೆಂಟನ ಫೋಟೋ ಕಾಣುತ್ತಿತ್ತು. ಆಪರೇಟರನ ಮಗನ ವಯಸ್ಸು ಅವನಿಗೆ.

"ಸಂದೇಶ ಐದು ನಲವತ್ತಕ್ಕೆ ಬಂತು," ಎಂದ ಆಪರೇಟರ. "ನಾನು ನಿದ್ದೆ ಮಾಡ್ಲಿಲ್ಲಮ್ಮ." ನಿಂತಲ್ಲೇ ಎಲ್ಲವನ್ನೂ ಹೇಳಿದ. ಎಲ್ಲೂ ಏನನ್ನೂ ಕೂಡಿಸಲಿಲ್ಲ, ಕಳೆಯಲಿಲ್ಲ.

ಟೀಚರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಕೇಳಿದರು. ಆಮೇಲೆ ಬಹಳ ನಿಧಾನವಾಗಿ, "ಅವರು ಬಂದಿದ್ರು. ನಿಮ್ಮ ಕ್ಯಾಪ್ಟನ್," ಎಂದರು. "ಒಳಗೆ ಆ ಕುರ್ಚಿಯಲ್ಲಿ ಕೂತು, ಹುಡುಗ ದಣಿದಿದ್ದ, ನಿದ್ದೆ ಹೋದ, ಅವನನ್ನ ಕ್ಷಮಿಸಿಬಿಡಿ ತಾಯಿ ಅಂತ ಕೇಳ್ಕೊಂಡ್ರು. ಎಂಥ ಒಳ್ಳೇ ಮನುಷ್ಯ ಅಂದ್ಕೊಂಡೆ. ಪ್ರತಿ ವರ್ಷ ಆ ದಿನ ಫೋನ್ ಮಾಡ್ತಾರೆ."

ಆಪರೇಟರ ತಲೆ ತಗ್ಗಿಸಿದ. ಇಷ್ಟು ಹೊತ್ತೂ ತಡೆದುಕೊಂಡಿದ್ದವನಿಗೆ ಈಗ ಕಣ್ಣು ತುಂಬಿಬಂತು. ತನ್ನ ಪರವಾಗಿ, ತಾನು ಮಾಡದ ತಪ್ಪಿಗೆ, ತಪ್ಪು ಮಾಡಿದವನೇ ಬಂದು ಕ್ಷಮೆ ಕೇಳಿ ಹೋಗಿದ್ದ.

"ಒಂದು ಕೇಳ್ತೀನಿ," ಎಂದರು ಟೀಚರು. "ನಿಮ್ಮ ಮೇಲೆ ಸುಳ್ಳು ಹೊರಿಸಿದ್ದು ನಿಮಗೆ ಇವತ್ತು ಗೊತ್ತಾಯ್ತು, ಸರಿ. ಆದ್ರೆ ಅವರು ಚೀಟೀನ ಜೇಬಲ್ಲಿ ಇಟ್ಕೊಂಡಿದ್ದು ಅವತ್ತೇ ಗೊತ್ತಿತ್ತಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲ ಬಂದು ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

ಮೂರು ಮಹಡಿ ಏರಿ ಬರುವಾಗ ಆಪರೇಟರ ನೂರು ಮಾತು ಜೋಡಿಸಿಕೊಂಡಿದ್ದ. ಈ ಪ್ರಶ್ನೆಗೆ ಅದರಲ್ಲಿ ಜಾಗವೇ ಇರಲಿಲ್ಲ. ತನ್ನ ಬೆನ್ನಿಗೆ ಇರಿದವರನ್ನು ಎಣಿಸುತ್ತ ಬಂದವನಿಗೆ ಈ ಹೆಂಗಸಿನ ಬೆನ್ನಿಗೆ ತಾನೂ ಇರಿದದ್ದು ಕಂಡೇ ಇರಲಿಲ್ಲ.

"ತಪ್ಪಾಯ್ತಮ್ಮ," ಎಂದ.

ಟೀಚರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಒಳಗೆ ಹೋಗಿ ಒಂದು ಕುರ್ಚಿ ಎಳೆದು ಮೇಜಿನ ಹತ್ತಿರ ಇಟ್ಟರು. ಅವನು ಒಳಗೆ ಬಂದ. ಅವರು ತಮ್ಮ ಫೋನನ್ನು ಅವನ ಮುಂದಿಟ್ಟರು.

"ಈಗ ಮಾಡಿ. ಅವರಿಗೆ. ನನಗೂ ಕೇಳಿಸ್ಬೇಕು."

ಎರಡನೆಯ ರಿಂಗಿಗೇ ಕ್ಯಾಪ್ಟನ್ನರು ಎತ್ತಿದರು. ಟೀಚರ ಹೆಸರು ನೋಡಿರಬೇಕು. "ಹೇಳಿ ತಾಯಿ, ಆರೋಗ್ಯವೇ?" ಎಂದಿತು ಮುದಿ ದನಿ, ಅಕ್ಕರೆಯಿಂದ.

"ನಾನು ಸಾಹೇಬ್ರೇ, ಆಪರೇಟರ್."

"ಓ ಮರಿ! ನೀನಾ? ಅಲ್ಲಿದೀಯಾ?" ದನಿ ಒಂದು ಕ್ಷಣ ಎಡವಿ ಮತ್ತೆ ಸರಿಹೋಯಿತು. "ಕೂಟದ ತಯಾರಿ ಜೋರಾ? ಮಾತಾಡೋಕೆ ನನಗೆಷ್ಟು ಹೊತ್ತು ಕೊಟ್ಟಿದೀಯಪ್ಪಾ?"

ಆಪರೇಟರ ಜಗಳಕ್ಕೆಂದೇ ಬಾಯಿ ತೆರೆದಿದ್ದ. ಆದರೆ ಬಂದದ್ದು ಬೇರೆ ದನಿ, ಹನ್ನೊಂದು ವರ್ಷ ಪೆಟ್ಟಿಗೆಯ ಮುಂದೆ ಕೂತು ರೂಢಿಸಿಕೊಂಡ, ಏರಿಳಿತವಿಲ್ಲದ ದನಿ. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಸಂದೇಶ ಬಂದ ಸಮಯ, ಐದು ನಲವತ್ತು. ಕೈಗೆ ಕೊಟ್ಟ ಸಮಯ, ಐದು ನಲವತ್ತನಾಲ್ಕು. ಸಂದೇಶ: ಕತ್ತಲಾಗುವ ಮೊದಲು ಎಲ್ಲರೂ ಸೇತುವೆ ದಾಟಿ ಹಿಂದಿರುಗಿ. ತಡ ಮಾಡಬೇಡಿ. ಮುಗಿಯಿತು. ತಲುಪಿತೇ, ತಿಳಿಸಿ."

ಆ ಕಡೆ ಟಿವಿಯ ಸದ್ದು ಕೇಳಿಸುತ್ತಿತ್ತು. ಯಾರೋ ಅದನ್ನು ಆರಿಸಿದರು. ಅದಾದ ಮೇಲೆ ಉಸಿರಿನ ಸದ್ದೊಂದೇ ಉಳಿಯಿತು.

"ಮರಿ," ಎಂದಿತು ದನಿ. ಮುಂದೆ ಏನೂ ಹೇಳಲಿಲ್ಲ, ಫೋನು ಇಡಲೂ ಇಲ್ಲ.

ವೈರ್‌ಲೆಸ್ಸಿನ ನಿಯಮದ ಪ್ರಕಾರ, ತಲುಪಿತು ಎಂಬ ಉತ್ತರ ಬರುವವರೆಗೆ ಆಪರೇಟರ ಜಾಗ ಬಿಟ್ಟು ಏಳುವಂತಿಲ್ಲ. ಉತ್ತರ ಬಾರದಿದ್ದರೆ ಒಂದು ನಿಮಿಷ ಕಾದು ಮತ್ತೆ ಮೊದಲಿನಿಂದ ಓದಬೇಕು. ಅವನು ಗೋಡೆಯ ಗಡಿಯಾರ ನೋಡಿದ. ಟೀಚರು ಎದುರಿನ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು.

"ಸಂದೇಶ ಬಂದ ಸಮಯ, ಐದು ನಲವತ್ತು," ಎಂದು ಅವನು ಮತ್ತೆ ಶುರುಮಾಡಿದ.