ಎಡಗಡೆಯ ಸ್ಪೀಕರ್

ಇಪ್ಪತ್ತೆರಡು ವರ್ಷ ಕಂಡವರ ಮದುವೆಗಳಲ್ಲೆಲ್ಲ ಹಾಡು ಹಾಕಿದವಳು ನಾನು. ನನ್ನ ಸ್ವಂತ ಮಗಳ ಮದುವೆಗೆ ಹಾಡು ಹಾಕಲು ಬಂದವನು ಗುಡುಗು. ಇದಕ್ಕಿಂತ ದೊಡ್ಡ ಗ್ರಹಚಾರ ಬೇಕೇ?

ಗುಡುಗು ಅವನ ಹೆಸರಲ್ಲ. ತನ್ನ ವ್ಯಾನಿನ ಮೇಲೆ ದಪ್ಪ ಅಕ್ಷರಗಳಲ್ಲಿ ಹಾಗೆ ಬರೆಸಿಕೊಂಡಿದ್ದಾನೆ, ಅದಕ್ಕೇ ನಾವು ಡಿಜೆ ಮಂದಿಯೆಲ್ಲ ಹಾಗೇ ಕರೆಯುತ್ತೇವೆ. ವಯಸ್ಸು ನಲವತ್ತೈದರ ಆಸುಪಾಸು. ಬಿಸಿಲಿರಲಿ, ಇಲ್ಲದಿರಲಿ, ಕಣ್ಣಿಗೆ ಕಪ್ಪು ಕನ್ನಡಕ. ಸಂಗೀತ ಅಂದರೆ ಎದೆಗೂಡು ಅದುರಬೇಕು, ಅಷ್ಟೇ ಅವನಿಗೆ ಗೊತ್ತಿರುವ ವಿದ್ಯೆ. ಹದಿನೈದು ವರ್ಷದ ಹಿಂದೆ ಒಂದು ಹಾಲ್‌ನಲ್ಲಿ, "ಅಷ್ಟು ಬೇಸ್ ಇಡಬೇಡಪ್ಪಾ, ಕಿಟಕಿ ಗಾಜು ನಡುಗ್ತಿದೆ" ಅಂದಿದ್ದೆ. ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಮಗಳು ಅವನನ್ನು ಆರಿಸಿದ್ದೂ ಅದೇ ಕಾರಣಕ್ಕೆ.

"ನಿನ್ನ ಸ್ನೇಹಿತರು ಯಾರನ್ನಾದ್ರೂ ಕರೆಸಿದ್ರೆ ನೀನು ಹೋಗಿ ಅವರ ಪಕ್ಕದಲ್ಲಿ ನಿಂತುಬಿಡ್ತೀಯ. ಆಮೇಲೆ ಅವರನ್ನ ಆಚೆ ತಳ್ಳಿ ನೀನೇ ಶುರು ಹಚ್ಕೋತೀಯ. ಇವನ ಹತ್ರ ನೀನು ಸುಳಿಯೋದೇ ಇಲ್ವಲ್ಲ, ಅದಕ್ಕೇ ಇವನು."

"ಅಲ್ಲ ಕಣೇ, ನಿನ್ನ ಮದುವೆ ಕಿವಿ ಹರಿದುಹೋಗೋ ಹಾಗಾದ್ರೂ ಪರವಾಗಿಲ್ವಾ?"

"ಪರವಾಗಿಲ್ಲ. ಅಮ್ಮಾ, ಒಂದೇ ಒಂದು ದಿನ ನೀನು ಮಿಕ್ಸರ್ ಮುಟ್ಟಬಾರ್ದು. ನನ್ನ ಅಮ್ಮ ಆಗಿ ಇರಬೇಕು, ಅಷ್ಟೇ. ಮಾತು ಕೊಡು."

ಕೊಟ್ಟೆ. ಕೊಡದೆ ಏನು ಮಾಡಲಿ? ಅವಳು ಹಾಗೆ ಕೇಳುವ ಮುಂಚೆ ತನ್ನ ಚಿಕ್ಕಂದಿನ ಆಲ್ಬಮ್ ತಂದು ನನ್ನ ಮುಂದಿಟ್ಟಿದ್ದಳು. ಹತ್ತನೇ ಹುಟ್ಟುಹಬ್ಬದ ಫೋಟೋ. ಅವಳು ಕೇಕಿನ ಮುಂದೆ ಚಾಕು ಹಿಡಿದು ನಿಂತಿದ್ದಾಳೆ. ಹಿಂದೆ, ಹಾಡಿನ ಸದ್ದು ಏರಿಸಿ ಇಳಿಸುವ ಮಿಕ್ಸರಿನ ಮೇಜಿನ ಆಚೆ, ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ನಾನು. ನನ್ನ ಕಣ್ಣು ಅವಳ ಮೇಲಿಲ್ಲ, ಅವಳ ತಲೆಯ ಮೇಲಿಂದ ದೂರದ ಬಾಗಿಲ ಕಡೆ ಇದೆ, ಅಲ್ಲಿಯ ತನಕ ಸದ್ದು ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ನೋಡುತ್ತಿದ್ದೇನೆ. ಹನ್ನೆರಡನೆಯದೂ ಹಾಗೇ, ಹದಿನೈದನೆಯದೂ ಹಾಗೇ. ಉಳಿದ ಫೋಟೋಗಳಲ್ಲಿ ನಾನೇ ಇಲ್ಲ. ಶನಿವಾರ, ಭಾನುವಾರ ಬಂತೆಂದರೆ ನಾನು ಇನ್ಯಾರದೋ ಮಕ್ಕಳ ಮದುವೆಯಲ್ಲಿ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವಳು ಬೈಯಲಿಲ್ಲ, ಸುಮ್ಮನೆ ಪುಟ ತಿರುವುತ್ತಾ ಹೋದಳು, ಆ ಬೇಜಾರು ಇನ್ನೂ ಹೋಗಿಲ್ಲ.

ಸರಿ, ಮದುವೆಯ ದಿನ ಮಧ್ಯಾಹ್ನ ಹಾಲ್‌ಗೆ ಕಾಲಿಟ್ಟೆ. ನನ್ನ ಕಣ್ಣು ಮೊದಲು ಹೋದದ್ದು ಗೋಡೆಯ ಕಡೆಗೇ.

ಆ ಹಾಲ್‌ನ ಗೋಡೆಯ ಮೇಲೆ ಒಂದು ಪೆಟ್ಟಿಗೆ ಇದೆ. ಲಿಮಿಟರ್ ಅನ್ನುತ್ತಾರೆ. ಹಿಂದಿನ ಬೀದಿಯ ಮನೆಗಳವರು ಗಲಾಟೆ ಎಂದು ದೂರು ಕೊಟ್ಟಮೇಲೆ ಹಾಕಿಸಿದ್ದು. ನಮ್ಮ ಡಿಜೆಗಳ ಬಾಯಲ್ಲಿ ಅದು 'ಅತ್ತೆ', ಯಾಕೆಂದರೆ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತದೆ. ಅದರಲ್ಲಿ ಮೂರು ದೀಪ. ಹಸಿರು ಇದ್ದರೆ ಕ್ಷೇಮ. ಹಳದಿ ಬಂದರೆ ಎಚ್ಚರಿಕೆ. ಕೆಂಪು ಬಂದು ಐದು ಸೆಕೆಂಡ್ ಹಾಗೇ ನಿಂತರೆ ವೇದಿಕೆಯ ಕರೆಂಟ್ ಕಟ್. ಮೊದಲ ಎರಡು ಸಲ ಒಂದು ನಿಮಿಷಕ್ಕೆ ತಾನಾಗೇ ಬರುತ್ತದೆ. ಮೂರನೇ ಸಲ ಹೋದರೆ ಪೆಟ್ಟಿಗೆಗೇ ಬೀಗ. ಮ್ಯಾನೇಜರ್ ಬಂದು ಕೀಲಿ ತಿರುಗಿಸಿದ ಮೇಲೂ ಅರ್ಧ ಗಂಟೆ ಕಾಯಬೇಕು. ಅದರ ಕಿವಿ, ಅಂದರೆ ಒಂದು ಪುಟ್ಟ ಮೈಕು, ಕುಣಿಯುವ ಜಾಗದ ಎಡಗಡೆ ಸೂರಿನಿಂದ ನೇತಾಡುತ್ತದೆ. ಅದು ಬರೀ ಹಾಡನ್ನು ಕೇಳುವುದಿಲ್ಲ. ಚಪ್ಪಾಳೆ, ಕಿರುಚಾಟ, ನಗು, ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಅದಕ್ಕೇ ಅಲ್ಲಿ ಎಡಗಡೆಯ ಸ್ಪೀಕರನ್ನು ಗೋಡೆಯ ಕಡೆಯಿಂದ ಒಳಕ್ಕೆ ತಿರುಗಿಸಬೇಕು, ಬೇಸ್ ಇಳಿಸಬೇಕು. ನನಗೆ ಇದು ಕರತಲಾಮಲಕ.

ಗುಡುಗು ಎಡಗಡೆಯ ಸ್ಪೀಕರನ್ನು ನೇರವಾಗಿ ಆ ಮೈಕಿಗೇ ಮುಖ ಮಾಡಿ ನಿಲ್ಲಿಸಿದ್ದ. ಆರತಿ ಎತ್ತುವುದೊಂದು ಬಾಕಿ!

"ರೀ," ಎಂದೆ ನನ್ನ ಗಂಡನಿಗೆ. "ಹೋಗಿ ಆ ಮನುಷ್ಯನಿಗೆ ಹೇಳಿ. ಎಡಗಡೆ ಸ್ಪೀಕರ್ ಒಳಕ್ಕೆ ತಿರುಗಿಸ್ಲಿ. ನಾನು ಹೇಳಿದ್ದು ಅನ್ಬೇಡಿ."

ಇವರು ಹೋಗಿ ಬಂದರು. ಮುಖ ಸಪ್ಪಗಿತ್ತು.

"ಏನಂದ?"

"ಮೇಡಂಗೆ ನೆಮ್ಮದಿಯಾಗಿ ಊಟ ಮಾಡೋಕೆ ಹೇಳಿ ಅಂದ."

"ನಾನು ಹೇಳಿದ್ದು ಅನ್ಬೇಡಿ ಅಂತ ಹೇಳಿರ್ಲಿಲ್ವಾ?"

"ನಾನು ಬಾಯಿ ಬಿಡೋ ಮುಂಚೆನೇ ಅಂದ ಕಣೇ!"

ಪಿತ್ತ ನೆತ್ತಿಗೇರಿತು. ಆದರೂ ಹಲ್ಲು ಕಚ್ಚಿಕೊಂಡು ಕೂತೆ. ಮಾತು ಕೊಟ್ಟಿದ್ದೆನಲ್ಲ.

ಮೊದಲ ಸಲ ಕರೆಂಟ್ ಹೋದದ್ದು ಮಗಳು ಅಳಿಯ ಕೈಕೈ ಹಿಡಿದು ಒಳಗೆ ಬರುವಾಗ. ದಮ್ ದಮ್ ದಮ್ ಎಂದು ಮೂರು ಸಲ ಅದುರಿತು, ಜನ ಕೂಗಿದರು, ಅಷ್ಟೇ. ಹೆಜ್ಜೆ ಎತ್ತಿದ ಅಳಿಯ ಒಂದು ಕಾಲು ಮೇಲೆ ಹಾಗೇ ನಿಂತುಬಿಟ್ಟ. ಗುಡುಗು ಕಪ್ಪು ಕನ್ನಡಕ ತೆಗೆದು ಒಂದೊಂದೇ ವೈರು ಹಿಡಿದು ನೋಡತೊಡಗಿದ. ವೈರಿಗೇನಾಗಿದೆ ನನ್ನ ತಲೆ! ಒಂದು ನಿಮಿಷಕ್ಕೆ ಕರೆಂಟ್ ತಾನಾಗೇ ಬಂತು. ತಾನೇ ರಿಪೇರಿ ಮಾಡಿದವನ ಹಾಗೆ ಅವನು ಕೈ ಬೀಸಿದ, ಜನ ಚಪ್ಪಾಳೆ ಬೇರೆ ತಟ್ಟಿದರು.

ಎರಡನೇ ಸಲ ಕಾರಣ ಅಳಿಯನ ಚಿಕ್ಕಪ್ಪ. ಅವರ ಕೈಗೆ ಯಾರೋ ಮೈಕ್ ಕೊಟ್ಟರು. ಮದುವೆಮನೆಯಲ್ಲಿ ಚಿಕ್ಕಪ್ಪಂದಿರ ಕೈಗೆ ಮೈಕ್ ಕೊಡಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಅವರು ಎರಡು ಮಾತು ಎಂದು ಶುರು ಮಾಡಿ, ಅಳಿಯ ಚಡ್ಡಿ ಹಾಕಲು ಕಲಿತ ಕಾಲದಿಂದ ಹೇಳುತ್ತಾ ಬಂದರು. ನಡುವೆ ಮೈಕನ್ನು ಸ್ಪೀಕರಿನ ಎದುರಿಗೇ ಹಿಡಿದರು. ಕೀ ಎಂದು ಹಾಲ್ ಇಡೀ ಕಿರುಚಿತು. ಹಳದಿ, ಕೆಂಪು, ಕಟ್.

"ಏನ್ರೀ ಬೀಗರೇ," ಎಂದರು ನನ್ನ ಬೀಗಿತ್ತಿ, ಪಕ್ಕದ ಕುರ್ಚಿಯಿಂದ ವಾಲಿ. "ನಿಮ್ದೇ ಕಸುಬು ಅಲ್ವಾ? ಇದೇನು ಹೀಗೆ?"

"ನಂದೇ ಕಸುಬು. ಇವತ್ತು ರಜಾ," ಎಂದೆ. ನನ್ನ ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ, ತಾವಾಗೇ ಎದ್ದುಹೋಗದಿರಲಿ ಎಂದು.

ಮುಂದಿನದು ನನ್ನದೇ ಸರದಿ. ತಾಯಿ ಮಗಳ ಕುಣಿತ. ಮಗಳೇ ಬೇಕೆಂದು ಇಟ್ಟಿದ್ದು. ಅವಳು ಚಿಕ್ಕವಳಿದ್ದಾಗ ನನ್ನ ವ್ಯಾನಿನಲ್ಲಿ ವೈರಿನ ಸುರುಳಿಗಳ ಮಧ್ಯೆ ಮಲಗಿ, ಮತ್ತೆ ಮತ್ತೆ ಹಾಕು ಎಂದು ಪೀಡಿಸಿ ಕೇಳುತ್ತಿದ್ದ ಹಾಡು ಅದು. ಮೂರು ನಿಮಿಷ ನಲವತ್ತು ಸೆಕೆಂಡ್. ಈಗ ಗಂಟೆ ಮೂರೂವರೆ. ನಾಲ್ಕಕ್ಕೆ ಹಾಲ್ ಬಿಡಬೇಕು, ಮುಂದಿನ ಪಾರ್ಟಿಯವರು ಆಗಲೇ ಬಲೂನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೂರನೇ ಸಲ ಕರೆಂಟ್ ಹೋದರೆ ಹಾಡೂ ಇಲ್ಲ, ಕುಣಿತವೂ ಇಲ್ಲ. ಮಗಳು ನನ್ನ ಜೊತೆ ಬೇಕೆಂದು ಇಟ್ಟಿದ್ದೇ ಅದೊಂದು. ಇನ್ನು ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ.

ಮಿಕ್ಸರ್ ಮುಟ್ಟಬಾರದು ಎಂದು ಮಾತು ಕೊಟ್ಟಿದ್ದೆ. ಅಕ್ಕಂದಿರನ್ನು ಮುಟ್ಟಬಾರದು ಎಂದೇನೂ ಕೊಟ್ಟಿರಲಿಲ್ಲ.

ನನ್ನ ಅಕ್ಕಂದಿರಿಬ್ಬರು ಸರಿಯಾಗಿ ಆ ನೇತಾಡುವ ಮೈಕಿನ ಕೆಳಗೇ ಕೂತಿದ್ದರು. ನಮ್ಮ ಮನೆಯವರ ನಗು ಒಂದು ಥರ. ತಡೆದು ತಡೆದು ಒಮ್ಮೆ ಹೊರಟರೆ ಮೂರು ಮನೆಯಾಚೆಗೆ ಕೇಳಬೇಕು. ನನಗೂ ಅದೇ ಬಂದಿದೆಯಂತೆ, ಆದರೆ ಕೆಲಸದ ಹೊತ್ತಿನಲ್ಲಿ ನಾನು ನಗುವುದಿಲ್ಲವಾದ್ದರಿಂದ ಹೆಚ್ಚು ಜನಕ್ಕೆ ಗೊತ್ತಿಲ್ಲ.

"ಅಕ್ಕಾ, ಏಳಿ ಏಳಿ, ಆ ಕಡೆ ಗಾಳಿ ಚೆನ್ನಾಗಿದೆ."

"ಇಲ್ಲೇ ಚೆನ್ನಾಗಿದೆ ಕಣೇ."

"ಏಳಿ ಅಂದೆ!"

ಅಕ್ಕಂದಿರನ್ನು ಬಾಗಿಲ ಹತ್ತಿರ ಸಾಗಿಸಿದೆ. ಕೂಗಾಡುವ ಹುಡುಗಿಯರ ಗುಂಪೊಂದನ್ನು ಐಸ್‌ಕ್ರೀಮ್ ಇದೆ ಎಂದು ಬಲಗಡೆಯ ಮೂಲೆಗೆ ಕಳಿಸಿದೆ. ಅಲ್ಲಿ ಐಸ್‌ಕ್ರೀಮ್ ಇರಲಿಲ್ಲ. ಚಿಕ್ಕಪ್ಪನವರನ್ನು ಫೋಟೋ ತೆಗೆಸಿಕೊಳ್ಳಲು ಹೊರಗೆ ಕರೆಯುತ್ತಿದ್ದಾರೆ ಎಂದೆ. ಒಂದು ಕುರ್ಚಿ ಎತ್ತಿಕೊಂಡು ತಿರುಗಿದರೆ ಎದುರಿಗೆ ಮಗಳು.

"ಏನ್ ಮಾಡ್ತಿದೀಯಾ ಅಮ್ಮಾ?"

"ಏನಿಲ್ಲ, ಕುರ್ಚಿ ಸರಿ ಮಾಡ್ತಿದ್ದೆ."

"ನೀನು ಕೆಲ್ಸ ಮಾಡ್ತಿದೀಯ."

"ಮಿಕ್ಸರ್ ಮುಟ್ಲಿಲ್ಲ ಕಣೇ, ಆಣೆಗೂ!"

"ನಂಗೆ ಗೊತ್ತಾಗಲ್ವಾ? ನೀನು ಕೆಲ್ಸದಲ್ಲಿರೋವಾಗ ನಿನ್ನ ಕಣ್ಣು ಹೇಗಿರುತ್ತೆ ಅಂತ?" ಅವಳು ನನ್ನ ಕೈಯಿಂದ ಕುರ್ಚಿ ತೆಗೆದು ಕೆಳಗಿಟ್ಟಳು. "ಬಾ."

ಹಾಡು ಶುರುವಾಯಿತು. ನಾನು ಇಪ್ಪತ್ತೆರಡು ವರ್ಷ ಜನರನ್ನು ಕುಣಿಸಿದವಳು, ನನಗೆ ಕುಣಿಯಲು ಬಾರದು. ಒಂದು ವಾರ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಡಿ ಹಿಡಿದುಕೊಂಡು ಅಭ್ಯಾಸ ಮಾಡಿದ್ದೆ. ಫ್ರಿಜ್ಜು ಒಂದೇ ಕಡೆ ನಿಂತಿರುತ್ತದೆ, ಮಗಳು ತಿರುಗುತ್ತಾಳೆ. ಎರಡೇ ನಿಮಿಷದಲ್ಲಿ ಮೂರು ಸಲ ಅವಳ ಬಟ್ಟೆಯ ಅಂಚು ತುಳಿದೆ. ತುಳಿಯದೆ ಇನ್ನೇನು, ನನ್ನ ಕಣ್ಣೆಲ್ಲ ಅವಳ ಹೆಗಲಾಚೆ, ಗೋಡೆಯ ಮೇಲಿನ ದೀಪಗಳ ಮೇಲೆ. ಹಸಿರು. ಹಳದಿ. ಹಸಿರು. ಗುಡುಗು ಬೇಸ್ ಎತ್ತಿದ. ಹಳದಿ, ಹಳದಿ. ಅಯ್ಯೋ ನಿನ್ನ ಮನೆ ಕಾಯ್ವಾಗ, ಇಳಿಸೋ!

"ಅಮ್ಮಾ."

"ಹೂಂ."

"ನನ್ನ ಮುಖ ನೋಡು."

ನೋಡಿದೆ. ಅವಳ ಕಣ್ಣಂಚಿನಲ್ಲಿ ತುಂಟತನ ಇತ್ತು.

"ಒಂದು ವಿಷ್ಯ ಹೇಳ್ತೀನಿ, ಬೈಬಾರ್ದು. ನಾನೇ ಅವನಿಗೆ ಹೇಳಿದ್ದೆ. ಅಮ್ಮ ಏನೇ ಹೇಳಿ ಕಳಿಸಿದ್ರೂ ಕಿವಿಗೆ ಹಾಕ್ಕೋಬೇಡಿ ಅಂತ."

"ಏನು! ಅದಕ್ಕವನು ಏನಂದ?"

"'ಅದಕ್ಕೇನು ಬಿಡಿ, ಹದಿನೈದು ವರ್ಷದಿಂದ ಅದನ್ನೇ ಮಾಡ್ತಾ ಬಂದಿದೀನಿ' ಅಂದ."

ಬೈಯಬೇಕೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು ನಗು. ಅದೂ ಅಂತಿಂಥ ನಗುವಲ್ಲ, ನಮ್ಮ ಮನೆಯ ನಗು, ಇಷ್ಟು ವರ್ಷ ಹೆಡ್‌ಫೋನಿನ ಕೆಳಗೆ ಅದುಮಿಟ್ಟದ್ದೆಲ್ಲ ಒಟ್ಟಿಗೇ ಬಂತು. ತಡೆಯಲು ನೋಡಿದಷ್ಟೂ ಜಾಸ್ತಿಯಾಯಿತು. ಬಾಗಿಲ ಹತ್ತಿರ ಅಕ್ಕಂದಿರಿಗೆ ವಿಷಯವೇನೆಂದು ಗೊತ್ತಿಲ್ಲ, ನನ್ನ ನಗು ಕೇಳಿ ಅವರೂ ಶುರು ಮಾಡಿದರು. ನಾನು ತಲೆ ಮೇಲೆತ್ತಿದಾಗ ಪುಟ್ಟ ಮೈಕು ಸರಿಯಾಗಿ ನನ್ನ ನೆತ್ತಿಯ ಮೇಲೇ ನೇತಾಡುತ್ತಿತ್ತು.

ಕೆಂಪು. ಒಂದು, ಎರಡು, ಮೂರು, ನಾಲ್ಕು, ಐದು.

ಹಾಡು ನಿಂತಿತು. ಗುಡುಗು ಮೇಜಿನ ಕೆಳಗೆ ತೂರಿಕೊಂಡ. ಇದ್ದಬದ್ದ ಮುನ್ನೂರು ಕಣ್ಣುಗಳೂ ನನ್ನ ಕಡೆ ತಿರುಗಿದವು.

"ಬೀಗರೇ, ನೀವೇ ಸ್ವಲ್ಪ ನೋಡಬಾರ್ದಾ?" ಎಂದರು ಬೀಗಿತ್ತಿ.

ಮಗಳ ಕೈ ನನ್ನ ಕೈಯಲ್ಲಿತ್ತು. ಅವಳು ಬಿಗಿಯಾಗಿ ಹಿಡಿಯುತ್ತಾಳೆ ಎಂದುಕೊಂಡೆ. ಇಲ್ಲ, ಬೆರಳು ಸಡಿಲ ಮಾಡಿದಳು.

"ಹೋಗು ಬೇಕಾದ್ರೆ," ಎಂದಳು. ಕೋಪವೇನೂ ಇರಲಿಲ್ಲ. ಪ್ರತಿ ಶನಿವಾರ ಬಾಗಿಲಲ್ಲಿ ನಿಂತು, ನಾನು ವ್ಯಾನು ಹತ್ತುವಾಗ ಹೇಳುತ್ತಿದ್ದ ಅದೇ ದನಿ. ಆಗ ಅವಳ ಮುಖ ಹೇಗಿರುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ, ನಾನು ವೈರು ಎಣಿಸುತ್ತಿರುತ್ತಿದ್ದೆ. ಈಗ ಗೊತ್ತಾಯಿತು. ಹೀಗಿರುತ್ತಿತ್ತು.

"ಎಲ್ಲಿಗೆ ಹೋಗೋದು?" ಎಂದೆ. "ಹಾಡು ಇದ್ರೂ ನಂಗೆ ಕುಣಿಯೋಕೆ ಬರಲ್ಲ, ಇಲ್ದಿದ್ರೂ ಬರಲ್ಲ. ನಡಿ, ಇನ್ನೂ ಒಂದೂವರೆ ನಿಮಿಷ ಬಾಕಿ ಇದೆ."

ಸಡಿಲವಾದ ಬೆರಳುಗಳನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡೆ. ಹಾಡಿಲ್ಲದ ಹಾಲ್‌ನಲ್ಲಿ ನಮ್ಮಿಬ್ಬರ ಚಪ್ಪಲಿಯ ಸದ್ದು ಮಾತ್ರ. ನಾನು ಬಾಯಲ್ಲೇ ತಾಳ ಎಣಿಸಿದೆ, ಅದೊಂದು ನನಗೆ ಬರುತ್ತದೆ. ಅವಳು ಮೊದಲು ನಕ್ಕಳು, ಆಮೇಲೆ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು, ನನ್ನ ಹೊಸ ಬಟ್ಟೆಯ ಹೆಗಲೆಲ್ಲ ಒದ್ದೆ. ಹಾಡು ಎಲ್ಲಿ ಮುಗಿಯಬೇಕಿತ್ತೋ ಸರಿಯಾಗಿ ಅಲ್ಲಿಗೆ ನಿಂತೆವು. ಚಪ್ಪಾಳೆ ಹೊಡೆಯಲು ಇನ್ನು ಯಾರಿಗೂ ಅಡ್ಡಿ ಇರಲಿಲ್ಲ.

ಆ ಕುಣಿತದ ಫೋಟೋ ಬಂದು ಆರು ತಿಂಗಳಾಯಿತು. ಮಗಳು ಅದನ್ನು ದೊಡ್ಡದು ಮಾಡಿಸಿ ತನ್ನ ಮನೆಯಲ್ಲಿ ಬಾಗಿಲಿಗೆ ಎದುರಾಗಿ ಹಾಕಿದ್ದಾಳೆ. ಮಿಕ್ಸರ್ ಹಿಂದೆ ಯಾರೂ ಇಲ್ಲ, ಮೇಜಿನ ಕೆಳಗಿಂದ ಗುಡುಗಿನ ಎರಡು ಬೂಟು ಮಾತ್ರ ಕಾಣುತ್ತವೆ. ಮುಂದುಗಡೆ ನಾನೂ ಅವಳೂ. ಹೋದಾಗಲೆಲ್ಲ ನೋಡುತ್ತೇನೆ. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ಮೊದಲು ಹೋಗುವುದು ಹಿಂದಿನ ಎಡಗಡೆಯ ಸ್ಪೀಕರಿಗೇ, ಈಗಲೂ ಅದು ತಪ್ಪು ಕಡೆಗೇ ತಿರುಗಿದೆ, ಈಗಲೂ ಮೈ ಉರಿಯುತ್ತದೆ. ಆಮೇಲೆ ಮಗಳ ಮುಖ ನೋಡುತ್ತೇನೆ.