ಡಿಕ್ಕಿಯೊಳಗಿನ ಟಯರು

ಮೂವತ್ತೆರಡು, ಪುಟ್ಟ ಪರದೆಯ ಮೇಲೆ ಹಸಿರು ಅಂಕಿ, ಮೂವತ್ತೆರಡು, ಉಮ್ಮರ್ ಅಂಗೈ ಅಡ್ಡ ಹಿಡಿದು ನೆರಳು ಮಾಡಿ ಮತ್ತೊಮ್ಮೆ ನೋಡಿದ, ಬಂಟ್ವಾಳದ ಈ ಗುಜರಿ ಅಂಗಳದಲ್ಲಿ ಬಿಸಿಲು ತಗಡಿನಿಂದ ತಗಡಿಗೆ ಹಾರಿ ಕಣ್ಣಿಗೇ ಬಂದು ಬೀಳುತ್ತದೆ, ತಪ್ಪಿ ಕಂಡಿರಬಹುದು ಎಂದುಕೊಂಡ, ತಪ್ಪಿರಲಿಲ್ಲ — ಸೊಟ್ಟಗಾದ ಹಿಂಬಾಗಿಲು ಅರ್ಧವೇ ತೆರೆದುಕೊಂಡ ಡಿಕ್ಕಿಯೊಳಗೆ ಸ್ಟೆಪ್ನಿ ಟಯರು ಒಂದು ಗೀರೂ ಇಲ್ಲದೆ ಮಲಗಿದೆ, ಅದರ ಹೊಟ್ಟೆಯೊಳಗಿನ ಸೆನ್ಸರ್ ಕೈಯಲ್ಲಿರುವ ಯಂತ್ರಕ್ಕೆ ಹೇಳುತ್ತಿದೆ, ಗಾಳಿ ಉಂಟು, ಮೂವತ್ತೆರಡು ಉಂಟು, ಏನೂ ತೊಂದರೆ ಇಲ್ಲ. ಮುಂದಿನ ಎರಡು ಚಕ್ರಗಳು ಉತ್ತರ ಕೊಟ್ಟಿದ್ದವು, ಹಿಂದಿನ ಬಲಗಡೆಯದ್ದೂ ಕೊಟ್ಟಿತ್ತು, ಹಿಂದಿನ ಎಡಗಡೆಯದ್ದು ಮಾತ್ರ ಕೊಡಲಿಲ್ಲ, ಹೇಗೆ ಕೊಡುತ್ತದೆ, ಅದೀಗ ಟಯರಲ್ಲ, ತಂತಿ ಹೊರಬಂದ ಕಪ್ಪು ಚಿಂದಿ, ಮತ್ತು ಅದರ ರಿಮ್ಮಿನಲ್ಲಿ ಸೆನ್ಸರೇ ಇರಲಿಲ್ಲ, ಉಮ್ಮರ್‌ಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು ಅದು, ಆ ಚಕ್ರವನ್ನು ಅಲ್ಲಿ ಕೂರಿಸಿದವನೇ ಅವನು. ನಾಳೆ ಗುಜರಿಯವರು ಗಾಡಿ ಒಡೀತಾರೆ ಉಮ್ಮರಾಕ, ಯಾವುದಾದರೂ ಚಕ್ರ ಉಪಯೋಗಕ್ಕೆ ಬರುವುದಿದ್ದರೆ ನೀವೇ ತೆಗೊಳ್ಳಿ, ಅಪ್ಪನಿಗೆ ಇನ್ನು ಗಾಡಿ ಬೇಡ, ಎಂದು ನಿನ್ನೆ ಫೋನಿನಲ್ಲಿ ಹೇಳಿದವನು ಧನರಾಜ್, ನೋಣಯ್ಯನವರ ಮಗ, ಅಪ್ಪ ಎನ್ನುವಾಗ ಅವನ ದನಿ ಅನ್ನದಲ್ಲಿ ಕಲ್ಲು ಕಚ್ಚಿದವನ ಹಾಗೆ ನಿಂತು ಮುಂದೆ ಹೋಗಿತ್ತು. ಈ ಗಾಡಿ ಮೋರಿಗೆ ಬಡಿದು ನಲವತ್ತೊಂದು ದಿನವಾಯಿತು. ಆ ದಿನ ಈ ಹಿಂದಿನ ಸೀಟಿನಲ್ಲಿ ಕೂತಿದ್ದರು ಪೂವಮ್ಮ, ನೋಣಯ್ಯನವರ ಹೆಂಡತಿ, ಮೊಣಕಾಲು ನೋವೆಂದು ಯಾವಾಗಲೂ ಹಿಂದೆಯೇ ಕೂತು ಕಾಲು ಚಾಚುತ್ತಿದ್ದವರು, ಅವರ ಬೆನ್ನಿನ ಹಿಂದೆ ಎರಡು ಗೇಣು ದೂರದಲ್ಲಿ ಈ ಟಯರು, ಕತ್ತಲೆಯಲ್ಲಿ, ತುಂಬಿದ ಹೊಟ್ಟೆಯಲ್ಲಿ.

ಚಕ್ರ ಬದಲಿಸಿದ್ದು ಅದಕ್ಕೂ ಕೆಲವು ವಾರ ಮೊದಲು, ಒಂದು ಶುಕ್ರವಾರ, ಹನ್ನೆರಡೂವರೆ ಇರಬಹುದು, ಮಡಂತ್ಯಾರಿನಲ್ಲಿ ಉಮ್ಮರ್‌ನ ಟಯರು ಅಂಗಡಿಯ ಮುಂದೆ ಈ ಗಾಡಿ ಜ್ಯಾಕಿನ ಮೇಲೆ ನಿಂತಿತ್ತು, ನೋಣಯ್ಯ ಹಳೆ ಟಯರಿನ ಮೇಲೆ ಗೋಣಿ ಹಾಸಿ ಕೂತು ಮಾತಾಡುತ್ತಿದ್ದರು, ಬೆಳ್ತಂಗಡಿ ಕಡೆಯ ಗುಡ್ಡದಲ್ಲಿ ಅವರಿಗೆ ರಬ್ಬರು, ನನ್ನ ಮರದ ಹಾಲೇ ಸುತ್ತಿ ಸುತ್ತಿ ಬಂದು ನಿನ್ನ ಅಂಗಡಿಯಲ್ಲಿ ಕೂತದ್ದು ಮಾರಾಯ, ನೀನು ನನ್ನ ತೋಟದ ಆಳು, ಎಂದು ಇಪ್ಪತ್ತು ವರ್ಷದಿಂದ ಅದೇ ತಮಾಷೆ, ಇಪ್ಪತ್ತು ವರ್ಷದಿಂದ ಉಮ್ಮರ್ ಅದಕ್ಕೆ ನಗುತ್ತಾನೆ. ಸ್ಟೆಪ್ನಿಯನ್ನೂ ಸೇರಿಸಿ ಐದೂ ಚಕ್ರಗಳ ಜಾಗ ಬದಲಿಸುವ ಎಂದವನು ಉಮ್ಮರ್, ದೊಡ್ಡ ಸೈಜಿನ ಪೂರ್ತಿ ಟಯರು ಡಿಕ್ಕಿಯಲ್ಲಿ ಕೂತು ಮುದಿಯಾಗುದು ಯಾಕೆ ನೋಣಯ್ಯಣ್ಣ, ಅದೂ ಸ್ವಲ್ಪ ಓಡಲಿ, ಐದೂ ಒಂದೇ ಹದಕ್ಕೆ ಸವೀತದೆ — ಅದು ಸರಿಯಾದ ಮಾತೇ, ಯಾರನ್ನು ಬೇಕಾದರೂ ಕೇಳಿ. ಸ್ಟೆಪ್ನಿ ಹೊರಗೆ ತೆಗೆದಾಗ ಕಣ್ಣಿಗೆ ಬಿದ್ದಿತ್ತು, ಉಳಿದ ನಾಲ್ಕಕ್ಕೆ ಲೋಹದ ವಾಲ್ವು, ಇದಕ್ಕೆ ಸಾದಾ ರಬ್ಬರಿನದ್ದು, ಅಂದರೆ ಒಳಗೆ ಸೆನ್ಸರ್ ಇಲ್ಲ, ಕಂಪನಿಯವರು ಸ್ಟೆಪ್ನಿಗೆ ಕೊಟ್ಟಿಲ್ಲ, ಬಿದ್ದಿತ್ತು ಕಣ್ಣಿಗೆ, ಬೀಳಲಿಲ್ಲ ಎಂದು ಹೇಗೆ ಹೇಳುವುದು. ಇದನ್ನು ರಸ್ತೆಗಿಳಿಸಿದರೆ ನಾಲ್ಕರಲ್ಲಿ ಒಂದು ಕಾಣುವುದಿಲ್ಲ ಎಂದು ಗಾಡಿ ಹಳದಿ ದೀಪ ಹಚ್ಚುತ್ತದೆ, ಹಚ್ಚಿದರೆ ಮೂಡಬಿದಿರೆಗೆ ಇಮ್ತಿಯಾಝ್‌ನ ಹತ್ತಿರ ಕಳಿಸುವ, ತಂಗಿಯ ಮಗ, ಅವನ ಅಂಗಡಿಯಲ್ಲಿ ಸೆನ್ಸರ್ ಓದುವ ಯಂತ್ರ ಉಂಟು, ಎಂದು ಮನಸ್ಸಿನಲ್ಲೇ ಅಂದುಕೊಂಡು ಎಡ ಹಿಂದಿನದ್ದನ್ನು ಬಿಚ್ಚಿ ಡಿಕ್ಕಿಯಲ್ಲಿ ಮಲಗಿಸಿದ, ಸ್ಟೆಪ್ನಿಯನ್ನು ಅದರ ಜಾಗದಲ್ಲಿ ಕೂರಿಸಿ ಬೋಲ್ಟು ಬಿಗಿ ಮಾಡಿದ. ಮಸೀದಿಯ ಮೈಕ್ ಕೆಮ್ಮಿತು. ಗಾಡಿ ಚಾಲೂ ಮಾಡಿಸಿ ಬಗ್ಗಿ ನೋಡಿದ, ದೀಪ ಹತ್ತಲಿಲ್ಲ, ಪೇಟೆಯ ಕೊನೆಯವರೆಗೆ ಒಂದು ಸುತ್ತು ಓಡಿಸಿ ಬಂದರು ನೋಣಯ್ಯ, ಆಗಲೂ ಹತ್ತಲಿಲ್ಲ, ಯಾಕೆ ಹತ್ತಲಿಲ್ಲ ಎಂದು ಕೇಳಬೇಕಾಗಿದ್ದ ಮನುಷ್ಯ ನಮಾಜಿಗೆ ಹೊತ್ತಾಯಿತೆಂದು ಕೈ ತೊಳೆಯಲು ಹೋದ. ಗಾಳಿ ಕಡಿಮೆಯಾದರೆ ಇದರಲ್ಲಿ ಗೊತ್ತಾಗ್ತದಲ್ಲ ಉಮ್ಮರೆ, ಎಂದು ನೋಣಯ್ಯ ಕೇಳಿದ್ದರು, ಕಿಟಕಿಯಿಂದ ತಲೆ ಹೊರಗೆ ಹಾಕಿ. ಉಮ್ಮರ್ ಸೋಪಿನ ಕೈ ಎತ್ತಿ ಹೇಳಿದ್ದ, ನೀವು ಧೈರ್ಯದಲ್ಲಿ ಹೋಗಿ, ಏನಾದರೂ ಇದ್ದರೆ ಗಾಡಿಯೇ ಹೇಳ್ತದೆ.

ಗಾಡಿಗೆ ನಾಲ್ಕು ಸೆನ್ಸರಿನ ಹೆಸರು ಮಾತ್ರ ಗೊತ್ತು ಮಾಮ, ಎಂದ ಇಮ್ತಿಯಾಝ್, ಗುಜರಿ ಅಂಗಳದಿಂದಲೇ ಉಮ್ಮರ್ ಫೋನು ಮಾಡಿದಾಗ, ಯಂತ್ರ ಕೊಟ್ಟು ಕಳಿಸಿದವನೇ ಅವನು, ಒಳ್ಳೆ ಸೆನ್ಸರ್ ಇದ್ದರೆ ತನ್ನಿ ಎಂದು, ಆ ನಾಲ್ಕು ಎಲ್ಲಿಂದ ಮಾತಾಡ್ತದೆ ಅಂತ ಈ ಗಾಡಿ ನೋಡುದಿಲ್ಲ, ಡಿಕ್ಕಿಯಿಂದ ಮಾತಾಡಿದರೂ ಕೇಳ್ತದೆ, ಚಕ್ರ ಬದಲಿಸುವಾಗ ಆ ಸೆನ್ಸರನ್ನು ತೆಗೆದು ಸ್ಟೆಪ್ನಿಗೆ ಹಾಕಬೇಕಿತ್ತು, ಇಲ್ಲದಿದ್ದರೆ ಐದನೆಯದ್ದು ಹೊಸತು ಹಾಕಿ ಗಾಡಿಗೆ ಪರಿಚಯ ಮಾಡಿಸಬೇಕಿತ್ತು, ಅದೂ ಇಲ್ಲದಿದ್ದರೆ ಆ ಒಂದು ಚಕ್ರದ ಗಾಳಿ ವಾರಕ್ಕೊಮ್ಮೆ ಕೈಯಲ್ಲಿ ನೋಡಿ ಅಂತ ಹೇಳಬೇಕಿತ್ತು — ಆಮೇಲೆ ಕೇಳಿದ, ಮಾಮ, ಅದು ಯಾರ ಗಾಡಿ. ಯಾರ ಗಾಡಿ ಎಂದು ಅವನಿಗೂ ಗೊತ್ತು. ಯಾರಿಗೂ ಹೇಳ್ಬೇಡಿ ಮಾಮ, ಸೆನ್ಸರ್ ಬಿಚ್ಚಿ ತೋಡಿನ ನೀರಿಗೆ ಬಿಸಾಡಿ ಬನ್ನಿ, ನಾಳೆ ಗಾಡಿಯೇ ಇರುದಿಲ್ಲ. ಉಮ್ಮರ್‌ನ ಪಿಕಪ್ ವಗ್ಗದ ಪೇಟೆ ದಾಟುವಾಗ ಹೆಂಡತಿ ಮಾಜಿದಾಳ ಫೋನು, ಇಮ್ತಿಯಾಝ್ ಅವಳಿಗೂ ಹೇಳಿದ್ದಾನೆ, ಅವಳು ಅಳುತ್ತಿರಲಿಲ್ಲ, ಅಳುವಾಗಿನದ್ದಕ್ಕಿಂತ ಸಣ್ಣ ದನಿ, ಎಲ್ಲಿಗೆ ಹೋಗ್ತಾ ಇದ್ದೀರಿ, ಮನೆಗೆ ಬನ್ನಿ, ಪೊಲೀಸರು ಬರೆದಾಗಿದೆ, ಗಾಡಿ ಬಿಡುವಾಗ ನಿದ್ದೆ ಬಂದದ್ದು ಅಂತ ನೋಣಯ್ಯಣ್ಣನೇ ಒಪ್ಪಿ ಆಗಿದೆ, ಈಗಿನ ಕಾಲ ಗೊತ್ತುಂಟಲ್ಲ ನಿಮಗೆ, ಟಯರು ಹಾಕಿದ್ದು ಬ್ಯಾರಿ, ಹೋದದ್ದು ಅವರ ಹೆಂಗಸು, ಅಷ್ಟೇ ಸಾಕು ಕೆಲವರಿಗೆ, ನೋಣಯ್ಯಣ್ಣ ಒಳ್ಳೆಯವರು, ಊರು ಪೂರ್ತಿ ನೋಣಯ್ಯಣ್ಣ ಅಲ್ಲ. ಅವಳು ಹೇಳಿದ್ದು ಸುಳ್ಳಲ್ಲ. ಬರ್ತೇನೆ ಎಂದ ಉಮ್ಮರ್, ಎಲ್ಲಿಗೆ ಎಂದು ಹೇಳಲಿಲ್ಲ. ಪುಂಜಾಲಕಟ್ಟೆಯ ಇಳಿಜಾರು ಬಂತು, ಮೋರಿಯ ಗೋಡೆ ಅರ್ಧ ಹಾರಿಹೋದದ್ದು ಹಾಗೇ ಇದೆ, ಯಾರೋ ಅಡ್ಡಕ್ಕೆ ಕೆಂಪು ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದಾರೆ, ಅವನು ನಿಧಾನ ಮಾಡಿದ, ನಿಲ್ಲಿಸಲಿಲ್ಲ. ಆ ದಿನ ಗಂಡ ಹೆಂಡತಿ ಪೊಳಲಿಯಿಂದ ವಾಪಸು ಬರುತ್ತಿದ್ದರು, ರಾಜರಾಜೇಶ್ವರಿಗೆ ಪೂಜೆ ಕೊಟ್ಟು, ಮಧ್ಯಾಹ್ನದ ಊಟ ಮುಗಿಸಿ, ಊಟದ ನಿದ್ದೆ ಎಂದರು ಎಲ್ಲರೂ, ಪ್ರಾಯ ಅರವತ್ತಾರು ಆಯಿತಲ್ಲ ಎಂದರು, ಟಯರು ಮೋರಿಗೆ ಬಡಿದು ಒಡೆದದ್ದು ಎಂದು ಪೊಲೀಸರು ಬರೆದರು. ಒಂದು ಮೊಳೆ ಸಾಕು, ಕಣ್ಣಿಗೆ ಕಾಣದ ಮೊಳೆ, ಹತ್ತು ದಿನ ಹದಿನೈದು ದಿನ ಸ್ವಲ್ಪ ಸ್ವಲ್ಪವೇ ಗಾಳಿ ಹೋಗಿ, ಬಿಸಿಲಿನ ಡಾಮರಿನಲ್ಲಿ ಟಯರಿನ ಪಕ್ಕೆ ಕಾದು ಕಾದು, ಕೊನೆಗೆ ಇಳಿಜಾರಿನಲ್ಲಿ — ಅಷ್ಟೂ ಹೊತ್ತು ಡಿಕ್ಕಿಯೊಳಗಿನದ್ದು ಹೇಳುತ್ತಲೇ ಇತ್ತು, ಮೂವತ್ತೆರಡು, ಮೂವತ್ತೆರಡು. ಬೊಜ್ಜದ ದಿನ ಉಮ್ಮರ್ ಹೋಗಿದ್ದ, ಹದಿಮೂರನೆಯ ದಿನದ ಆ ಊಟಕ್ಕೆ ಜನರ ಸಾಲಿನಲ್ಲಿ ಕೂತಿದ್ದ, ಧನರಾಜ್ ಎಲ್ಲರಿಗೂ ಬಡಿಸುತ್ತಾ ಬಂದವನು ಅಪ್ಪನ ಎಲೆಯ ಮುಂದೆ ಮಾತ್ರ ನಿಲ್ಲದೆ ದಾಟಿ ಹೋದದ್ದನ್ನು ನೋಡಿದ್ದ, ಬೇರೆ ಯಾರೋ ಬಂದು ಬಡಿಸಿದರು. ಅಪ್ಪ ನಿದ್ದೆ ಮಾಡಿ ಅಮ್ಮನನ್ನು ಕೊಂದರು ಉಮ್ಮರಾಕ, ಎಂದು ಅವನು ಅಂಗಳದ ಮೂಲೆಯಲ್ಲಿ ಹೇಳಿದಾಗ ಹಾಗೆಲ್ಲ ಹೇಳ್ಬಾರದು ಮಗ ಎಂದು ಅವನ ಬೆನ್ನು ತಟ್ಟಿದ ಕೈ ಇದೇ, ಈ ಸ್ಟಿಯರಿಂಗ್ ಹಿಡಿದದ್ದು, ಬೋಲ್ಟು ಬಿಗಿ ಮಾಡಿದ್ದು.

ಮಡಂತ್ಯಾರು ಬಂದು ಹೋಯಿತು, ತನ್ನ ಅಂಗಡಿಯ ಶಟರು ಅರ್ಧ ಎಳೆದದ್ದು ಕಂಡಿತು, ಯಾರದೋ ಅಂಗಡಿಯ ಹಾಗೆ ಕಂಡಿತು, ಗುರುವಾಯನಕೆರೆ, ಬೆಳ್ತಂಗಡಿ, ಆಮೇಲೆ ಮಣ್ಣಿನ ಏರು. ನೋಣಯ್ಯನವರ ಅಂಗಳದಲ್ಲಿ ರಬ್ಬರ್ ಶೀಟುಗಳು ತಂತಿಯ ಮೇಲೆ ನೇತಾಡುತ್ತಿವೆ, ಹುಳಿ ಹುಳಿ ವಾಸನೆ, ನೋಣಯ್ಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ, ಎಡಗೈಗೆ ಇನ್ನೂ ಪಟ್ಟಿ, ಗಡ್ಡ ಬೆಳೆದು ಬೇರೆ ಯಾರೋ ಆಗಿದ್ದಾರೆ. ಬಾ ಉಮ್ಮರೆ, ಎಂದರು. ಧನರಾಜ್ ಸೊಸೈಟಿಯ ಕೆಲಸಕ್ಕೆ ಹೋದವನು ಇನ್ನೂ ಬಂದಿಲ್ಲ. ಉಮ್ಮರ್ ಕೂರಲಿಲ್ಲ, ನಿಂತೇ ಹೇಳಿದ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ, ಬರೀ ಟಯರಿನ ಮಾತು ಬಂತು, ರಬ್ಬರಿನ ವಾಲ್ವು, ಸೆನ್ಸರ್ ಇಲ್ಲದ ಚಕ್ರ ಹೊರಗೆ, ಸೆನ್ಸರ್ ಇದ್ದದ್ದು ಡಿಕ್ಕಿಯಲ್ಲಿ, ಗಾಳಿ ಹೋದದ್ದು ಒಂದರದ್ದು, ಗಾಡಿ ಕೇಳಿದ್ದು ಇನ್ನೊಂದನ್ನು, ನನಗೆ ಗೊತ್ತಾಗಬೇಕಿತ್ತು ನೋಣಯ್ಯಣ್ಣ, ನಾನು ನೋಡಿದ್ದೆ, ನೋಡಿಯೂ ಬಿಟ್ಟೆ, ನಿಮಗೆ ನಿದ್ದೆ ಬಂದದ್ದಲ್ಲ, ನಿಮ್ಮದು ಏನೂ ತಪ್ಪಿಲ್ಲ. ನೋಣಯ್ಯ ಅಂಗಳವನ್ನೇ ನೋಡುತ್ತಿದ್ದರು. ಬೈಯಲಿ, ಎಂದುಕೊಂಡ ಉಮ್ಮರ್, ಎದ್ದು ಹೊಡೆಯಲಿ, ಇಲ್ಲವೇ ಅಳಲಿ, ಹೊತ್ತ ಭಾರ ಇಳಿಯಿತೆಂದು ಉಸಿರಾದರೂ ಬಿಡಲಿ. ನಿದ್ದೆ ಬರಲಿಲ್ಲ ಅಂತ ನನಗೆ ಗೊತ್ತುಂಟು, ಎಂದರು ನೋಣಯ್ಯ.

ಗೊತ್ತುಂಟು ಎಂದರೆ. ಉಮ್ಮರ್‌ಗೆ ಅರ್ಥವಾಗಲಿಲ್ಲ, ಗೊತ್ತಿದ್ದವರು ನಲವತ್ತೊಂದು ದಿನ ಮಗನ ಆ ಮುಖವನ್ನು ಯಾಕೆ ನುಂಗಿಕೊಂಡು ಕೂತರು, ಪೊಲೀಸರ ಕಾಗದಕ್ಕೆ ಯಾಕೆ ರುಜು ಹಾಕಿದರು. ನೋಣಯ್ಯ ನಿಧಾನ ಹೇಳಿದರು, ತುಳುವಿನಲ್ಲಿ, ಒಂದೊಂದೇ ಮಾತು ಇಟ್ಟು, ವಗ್ಗದಲ್ಲೇ ಹೇಳಿದಳು ಅವಳು, ಹಿಂದೆ ಏನೋ ಬಡೀತದೆ, ಒಮ್ಮೆ ನಿಲ್ಲಿಸಿ ನೋಡಿ ಅಂತ. ನಾನು ದೀಪ ನೋಡಿದೆ. ದೀಪ ಇರಲಿಲ್ಲ. ಏನೂ ಇಲ್ಲ ಅಂದೆ. ಮತ್ತೆ ಹೇಳಿದಳು. ನನಗೆ ಕೋಪ ಬಂತು, ಉಮ್ಮರ್ ಹೇಳಿದ್ದಾನೆ, ಏನಾದರೂ ಇದ್ದರೆ ಗಾಡಿಯೇ ಹೇಳ್ತದೆ, ನಿನಗಿಂತ ಹೆಚ್ಚು ಅದಕ್ಕೆ ಗೊತ್ತುಂಟು, ನೀನು ಬಾಯಿ ಮುಚ್ಚು ಅಂದೆ. ಮುಚ್ಚಿದಳು. ಆದರೆ ಕಿಟಕಿಯ ಗಾಜು ಇಳಿಸಿದಳು, ಕನ್ನಡಿಯಲ್ಲಿ ಕಂಡಿತು ನನಗೆ, ಸೆರಗು ಹಿಡಿದುಕೊಂಡು ತಲೆ ಸ್ವಲ್ಪ ಹೊರಗೆ ಹಾಕಿ ಕಿವಿ ಕೊಟ್ಟು ಕೂತಳು. ಇಳಿಜಾರಿನವರೆಗೂ ಹಾಗೇ ಇದ್ದಳು. ನೋಣಯ್ಯ ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ನಿದ್ದೆ ಅಂದರೆ ಜನ ಅಷ್ಟಕ್ಕೇ ಬಿಡ್ತಾರೆ ಉಮ್ಮರೆ, ಇದನ್ನು ಹೇಗೆ ಹೇಳುದು, ಮಗನಿಗೆ ಹೇಗೆ ಹೇಳುದು. ಅವನಿಗೆ ಹೇಳ್ಬೇಡ. ನಿದ್ದೆಯೇ ಇರಲಿ.

ಧನರಾಜ್‌ನ ಬೈಕು ಏರು ಹತ್ತುವ ಸದ್ದು ಆಗಲೇ ಕೇಳಿತ್ತು, ಅವನು ಹೆಲ್ಮೆಟ್ ತೆಗೆಯುತ್ತಾ ಬಂದು, ಚಕ್ರ ಸಿಕ್ಕಿತಾ ಉಮ್ಮರಾಕ, ಎಂದು ಕೇಳಿದ, ಅಪ್ಪನ ಕಡೆ ನೋಡದೆ. ನೋಣಯ್ಯ ತಲೆ ಎತ್ತಲಿಲ್ಲ. ಮನೆಗೆ ಬನ್ನಿ ಎಂದಳಲ್ಲ ಮಾಜಿದಾ, ತೋಡಿಗೆ ಬಿಸಾಡಿ ಎಂದನಲ್ಲ ಇಮ್ತಿಯಾಝ್, ಸಿಕ್ಕಿತು ಮಗ ಎಂದು ಹೇಳಿ ಇಳಿದು ಹೋಗಬಹುದು, ಈ ಮನುಷ್ಯನೇ ಕೈಮುಗಿದ ಹಾಗೆ ಕೇಳಿಕೊಳ್ಳುತ್ತಿದ್ದಾರೆ. ನಿನ್ನ ಅಪ್ಪ ನಿದ್ದೆ ಮಾಡಿಲ್ಲ ಧನರಾಜ್, ಎಂದ ಉಮ್ಮರ್, ಅವನ ದನಿ ಅವನಿಗೇ ದೂರದಿಂದ ಕೇಳಿತು, ಚಕ್ರ ಬದಲಿಸಿದ್ದು ನಾನು, ತಪ್ಪಿದ್ದು ನಾನು, ಗಾಳಿ ಇಲ್ಲದ್ದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ಎಂದು ಹೇಳಿ ಮುಗಿಸಿದ, ಕೊನೆಯ ಆ ಒಂದು ಮಾತು ಸುಳ್ಳು, ಅದನ್ನು ಇಬ್ಬರೇ ಬಲ್ಲರು. ನೋಣಯ್ಯ ಕಣ್ಣು ಮುಚ್ಚಿದರು. ಧನರಾಜ್ ಬಹಳ ಹೊತ್ತು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಸುತ್ತಿದ. ಆಮೇಲೆ ಜಗಲಿ ಹತ್ತಿ ಅಪ್ಪನ ಪಕ್ಕದಲ್ಲಿ, ತೀರ ಹತ್ತಿರವಲ್ಲ, ಕೂತ. ನೀವು ಈಗ ಹೋಗಿ ಉಮ್ಮರಾಕ, ಎಂದ, ಇನ್ನು ಈ ಕಡೆ ಬರ್ಬೇಡಿ. ಗದರಿಸಿ ಹೇಳಲಿಲ್ಲ.

ಪಿಕಪ್ಪಿನಲ್ಲಿ ಕೂತಿದ್ದಾನೆ ಉಮ್ಮರ್, ಕೀಲಿ ತಿರುಗಿಸಬೇಕು, ಇಳಿದು ಹೋಗಬೇಕು, ಮಾಜಿದಾಳಿಗೆ ಹೇಳಬೇಕು, ನಾಳೆ ಶಟರು ಎತ್ತಬೇಕೋ ಬೇಡವೋ, ಯಾರಾದರೂ ಬರುತ್ತಾರೋ, ಕಲ್ಲು ಬರುತ್ತದೋ, ಬರಲಿ, ಜಗಲಿಯಲ್ಲಿ ಅಪ್ಪ ಮಗ ಇಬ್ಬರೂ ಮಾತಾಡದೆ ಕೂತಿದ್ದಾರೆ, ಆದರೆ ಕೂತಿದ್ದಾರೆ, ಅಷ್ಟಾಯಿತು, ಅಷ್ಟಾದರೂ ಆಯಿತು, ಎಂದುಕೊಳ್ಳಲು ನೋಡಿದ, ಮನಸ್ಸು ಅಲ್ಲಿ ನಿಲ್ಲಲಿಲ್ಲ, ವಗ್ಗದಿಂದ ಪುಂಜಾಲಕಟ್ಟೆಗೆ ಎಷ್ಟು ದೂರ, ಹತ್ತು ನಿಮಿಷವೋ, ಹನ್ನೆರಡೋ, ಅಷ್ಟು ಹೊತ್ತು ಒಬ್ಬ ಹೆಂಗಸು ಬಾಯಿ ಮುಚ್ಚಿ, ಬಿಸಿ ಗಾಳಿಗೆ ಕೂದಲು ಹಾರಿ, ಹಣೆಯ ಕುಂಕುಮ ಹಾರಿ, ಮೂವತ್ತೆರಡು, ಏನೂ ತೊಂದರೆ ಇಲ್ಲ, ಉಮ್ಮರ್ ಹೇಳಿದ್ದಾನೆ, ಕೀಲಿಯ ಮೇಲೆ ಕೈ ಇದೆ, ಕೈ ತಿರುಗುವುದಿಲ್ಲ, ಸೆರಗು ಹಿಡಿದುಕೊಂಡು, ತಲೆ ಸ್ವಲ್ಪ ಹೊರಗೆ ಹಾಕಿ, ಚಕ್ರದ ಕಡೆಗೆ ಬಾಗಿದ ಒಂದು ಕಿವಿ, ಪೂವಮ್ಮನ ಕಿವಿ,