ಬಣ್ಣ ಹಿಡಿಯುವ ಹೊತ್ತು

ವಕೀಲಮ್ಮನ ತಲೆಯ ಎಡಬದಿ ಮುಗಿದು ಬ್ರಷ್ಷು ಬಲಕ್ಕೆ ಬಂದಿತ್ತು. ಬಣ್ಣ ಹಚ್ಚುತ್ತಿದ್ದ ಕತ್ತರಿ ಮಾತ್ರ ಕೇಳಬೇಕೆಂದುಕೊಂಡದ್ದನ್ನು ಇನ್ನೂ ಕೇಳಿರಲಿಲ್ಲ.

"ಏನಮ್ಮಾ, ಇವತ್ತು ರೇಡಿಯೋ ಬಂದ್?" ಎಂದು ವಕೀಲಮ್ಮ ಕನ್ನಡಿಯಲ್ಲೇ ಅವಳನ್ನು ನೋಡಿ ಕೇಳಿದರು.

"ಏನಿಲ್ಲ ಮೇಡಂ. ತಲೆ ಸ್ವಲ್ಪ ಬಗ್ಗಿಸಿ."

ಕತ್ತರಿ ಎಂಬ ಹೆಸರು ಈ ಪಾರ್ಲರಿನಲ್ಲೇ ಬಿದ್ದದ್ದು. ಅವಳ ಕೈ ಅಷ್ಟು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ವಕೀಲಮ್ಮನ ಕೂದಲಿಗೆ ವರ್ಷಗಳಿಂದ ಬಣ್ಣ ಹಚ್ಚುತ್ತಿರುವವಳು ಅವಳೇ. ಯಾವಾಗ ನೋಡಿದರೂ ಫೋನು ಕಿವಿಗೆ ಅಂಟಿಸಿಕೊಂಡು ಓಡಾಡುವ ಈ ಹೆಂಗಸು ಒಂದು ಕಡೆ ಸುಮ್ಮನೆ ಕೂರುವುದು ಈ ಕುರ್ಚಿಯಲ್ಲಿ ಮಾತ್ರ. ಬಣ್ಣ ಮೆತ್ತಿದ ತಲೆಗೆ ಫೋನು ಹಿಡಿಯುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಕೇಳುವುದಿದ್ದರೆ ಈಗಲೇ ಕೇಳಬೇಕು. ಆದರೆ ಕೆಲಸಕ್ಕೆ ಸೇರಿದ ದಿನವೇ ಪಾರ್ಲರಿನ ಯಜಮಾನಿ ಮೆಲ್ಲಗೆ ಹೇಳಿದ್ದರು: "ನೀನು ಯಾರು ಅಂತ ನನಗೆ ಗೊತ್ತು. ಗಿರಾಕಿಗಳಿಗೆ ಗೊತ್ತಾಗೋದು ಬೇಡ." ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡವಳು ಇವಳು ಅಂತ ತಿಳಿದರೆ ಎಷ್ಟು ಜನ ನಂಬಿ ತಲೆ ಕೊಟ್ಟಾರು ಎಂಬ ಭಯ ಕತ್ತರಿಗೂ ಇತ್ತು.

ಆ ಭಯಕ್ಕಿಂತ ದೊಡ್ಡ ಭಯ ಈಗ ಮನೆಯಲ್ಲಿ ಮಲಗಿತ್ತು. ಹೆತ್ತವರು ಬಾಗಿಲು ಹಾಕಿಕೊಂಡಾಗ ಅವಳನ್ನು ಒಳಗೆ ಕರೆದು ಸಾಕಿದ್ದು ದೊಡ್ಡಮ್ಮ. ದೊಡ್ಡಮ್ಮನೂ ಅವಳ ಹಾಗೆಯೇ, ಟ್ರಾನ್ಸ್‌ಜೆಂಡರ್. ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿಸಿದರೆ ಗಂಡಸರ ವಾರ್ಡಿನವರು ಆ ಕಡೆ ಎಂದರು, ಹೆಂಗಸರ ವಾರ್ಡಿನವರು ಈ ಕಡೆ ಎಂದರು. ಕೊನೆಗೆ ಎರಡರ ನಡುವಿನ ವೆರಾಂಡಾದಲ್ಲಿ ಮಂಚ ಹಾಕಿದರು. ಹೋಗುವವರು ಬರುವವರೆಲ್ಲ ನಿಂತು ನೋಡಿದರು. ಪಿತ್ತಕೋಶದ ಕಲ್ಲು ತೆಗೆಯಲೇಬೇಕು, ತಡ ಮಾಡಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿದ್ದರೂ ದೊಡ್ಡಮ್ಮ ಮನೆಗೆ ಬಂದುಬಿಟ್ಟು ಒಂದೇ ಹಟ ಹಿಡಿದಿದ್ದಳು: "ಸಾಯೋದಿದ್ರೆ ನನ್ನ ಚಾಪೆ ಮೇಲೆ ಸಾಯ್ತೀನಿ. ಆ ವೆರಾಂಡಾಕ್ಕೆ ಮಾತ್ರ ಹೋಗಲ್ಲ."

ಗೆಳತಿಯರೆಲ್ಲ ಸೇರಿ ಆಸ್ಪತ್ರೆಯ ಗೇಟಿನ ಮುಂದೆ ಧರಣಿ ಕೂರುವುದೆಂದು ತೀರ್ಮಾನಿಸಿದರು. ಕೂತರೆ ಎಲ್ಲರನ್ನೂ ಒಳಗೆ ಹಾಕುತ್ತೇನೆಂದು ಇನ್ಸ್‌ಪೆಕ್ಟರು ಗದರಿದ. ವಕೀಲರನ್ನು ಹುಡುಕಿಕೊಂಡು ಹೋದರೆ ಒಬ್ಬರು ತಮ್ಮ ರಜೆ ಮುಗಿಯಲಿ ಎಂದರು. ಇನ್ನೊಬ್ಬರು ಕೇಸಿನ ವಿಷಯ ಬಿಟ್ಟು ಮೈಯ ವಿಷಯ ಕೆದಕಿದರು. ಅಲ್ಲಿಂದ ಎದ್ದು ಬಂದ ಮೇಲೆ ಕತ್ತರಿಗೆ ಇನ್ನೊಂದು ಬಾಗಿಲು ತಟ್ಟುವ ಮನಸ್ಸೇ ಇರಲಿಲ್ಲ.

"ಮೇಡಂ, ನಿಮ್ಮ ಹತ್ರ ಒಂದು ವಿಷಯ ಕೇಳ್ಬೇಕು," ಎಂದಳು. "ನಾನು... ನಾನು ಟ್ರಾನ್ಸ್‌ಜೆಂಡರ್ ಮೇಡಂ. ನಿಮಗೆ ಹೇಳಿರಲಿಲ್ಲ. ನಮ್ಮ ದೊಡ್ಡಮ್ಮನೂ ಅಷ್ಟೇ. ಅವಳಿಗೆ ಆಪರೇಷನ್ ಆಗ್ಬೇಕು."

ವಕೀಲಮ್ಮ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವಳು ತಿರುಗಿ ನೋಡಿದಳು.

"ಈ ಬಣ್ಣ ತೊಳೆಯೋಕೆ ಇನ್ನೂ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು ವಕೀಲಮ್ಮ.

ಎದ್ದು ಹೋಗುತ್ತಾರೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು ಕತ್ತರಿ. "ಅರ್ಧ ಗಂಟೆ ಮೇಡಂ. ಬೇಕಾದ್ರೆ ಬೇಗ ತೊಳೆದು..."

"ಬೇಗ ಯಾಕೆ? ಅರ್ಧ ಗಂಟೆ ಇದೆಯಲ್ಲ. ಮೊದಲಿಂದ ಹೇಳು."

ಕತ್ತರಿ ಬಣ್ಣದ ಬಟ್ಟಲನ್ನು ಕೆಳಗಿಟ್ಟಳು. ಅಷ್ಟು ದಿನ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಗೇ ಹೊರಬಂತು. ವೆರಾಂಡಾ, ಮಂಚ, ಅಡ್ಡ ಹಿಡಿಯಲು ಪರದೆಯಿಲ್ಲದೆ ತಾನೇ ಬೆಡ್‌ಶೀಟು ಹಿಡಿದು ನಿಂತದ್ದು, ಇನ್ಸ್‌ಪೆಕ್ಟರು, ವಕೀಲರು. ನಡುನಡುವೆ ವಕೀಲಮ್ಮ ಚುಟುಕಾಗಿ ಕೇಳುತ್ತಿದ್ದರು. ವೆರಾಂಡಾದಲ್ಲಿ ಹಾಕಿದ್ದಕ್ಕೆ ಕಾರಣ ಹೇಳಿದವರು ಯಾರು? ಹೆಂಗಸರ ವಾರ್ಡಿನಲ್ಲಿ ಹಾಸಿಗೆ ಖಾಲಿ ಇತ್ತಾ? ಇನ್ಸ್‌ಪೆಕ್ಟರು ಬರೆದು ಕೊಟ್ಟನಾ, ಬಾಯಲ್ಲಿ ಹೇಳಿದನಾ?

"ಬಾಯಲ್ಲೇ ಮೇಡಂ. ಆದ್ರೆ ನಾವೂ ಸುಮ್ನೆ ಕೂತಿಲ್ಲ. ಕಾನೂನು ಹುಡುಕಿ ಇಟ್ಕೊಂಡಿದ್ದೀವಿ." ಕತ್ತರಿ ಓಡಿಹೋಗಿ ತನ್ನ ಚೀಲದಿಂದ ಪ್ರಿಂಟು ಹೊಡೆಸಿದ ಹಾಳೆಗಳನ್ನು ತಂದಳು. "ಈ ಸೆಕ್ಷನ್ನನ್ನೇ ಧರಣಿಯ ಬೋರ್ಡುಗಳ ಮೇಲೆ ದಪ್ಪಗೆ ಬರೆಸಿದ್ದೀವಿ. ಕೆಂಪು ಪೇಂಟಲ್ಲಿ."

ವಕೀಲಮ್ಮ ಒಂದು ಹಾಳೆ ಓದಿದರು, ಮತ್ತೊಂದು ಓದಿದರು. ನಗುವಿಗೆ ಅವರ ಭುಜ ಅಲುಗತೊಡಗಿತು.

"ಅಮ್ಮಾ ತಾಯಿ, ಇದು ನಮ್ಮ ದೇಶದ ಕಾನೂನೇ ಅಲ್ಲ! ಸಮುದ್ರದಾಚೇದು. ಇದನ್ನ ಹಿಡ್ಕೊಂಡು ಕೂತ್ರೆ ಇನ್ಸ್‌ಪೆಕ್ಟರು ನಿಮ್ಮನ್ನ ಸ್ಟೇಷನ್ನಿಗಲ್ಲ, ವಿಮಾನ ನಿಲ್ದಾಣಕ್ಕೆ ಕರ್ಕೊಂಡು ಹೋಗ್ತಾನೆ."

ಕತ್ತರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆಮೇಲೆ ನಗುವೇ ಬಂತು, ಹಿಂದೆಯೇ ಕಣ್ಣೀರೂ ಬಂತು. ಅಷ್ಟೂ ಬೋರ್ಡುಗಳ ಮೇಲೆ ರಾತ್ರಿಯೆಲ್ಲ ಬಗ್ಗಿ ಕೂತು ಬರೆದ ಕೈ ಅವಳದೇ.

"ಅಳಿಸಿಬಿಡಿ. ನಮ್ಮ ಕಾನೂನಲ್ಲಿ ಏನಿದೆ ಅಂತ ನಾನು ಬರೆದು ಕೊಡ್ತೀನಿ, ಅದನ್ನ ಬರೀರಿ. ಧರಣಿಗೆ ಅನುಮತಿ ಇಲ್ಲ ಅನ್ನೋದಾದ್ರೆ ಕಾರಣ ಸಮೇತ ಬರೆದು ಕೊಡಿ ಅಂತ ಆ ಇನ್ಸ್‌ಪೆಕ್ಟರಿಗೆ ಅರ್ಜಿ ಕೊಡಿ. ಬಾಯಿಮಾತನ್ನ ಕೋರ್ಟಿಗೆ ತಗೊಂಡು ಹೋಗೋದು ಕಷ್ಟ, ಕಾಗದ ಆದ್ರೆ ಹೋಗ್ಬಹುದು. ಹಾಸಿಗೆ ವಿಷಯ ನನಗೆ ಬಿಡು. ನಾಳೆ ಬೆಳಿಗ್ಗೆ ದೊಡ್ಡಮ್ಮನ್ನ ಆಫೀಸಿಗೆ ಕರ್ಕೊಂಡು ಬಾ."

ಹಿಂದೆ ಯಾರೋ ಕೆಮ್ಮಿದರು. ಯಜಮಾನಿ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೆಲಸ ಹೋಯಿತು ಎಂದುಕೊಂಡು ಕತ್ತರಿ ತಲೆ ತಗ್ಗಿಸಿದಳು.

"ಇಲ್ಲೇನು ನಿಂತಿದ್ದೀಯ? ಹೋಗಿ ಆ ದೊಡ್ಡಮ್ಮನಿಗೆ ಫೋನ್ ಮಾಡು," ಎಂದರು ಯಜಮಾನಿ, ತೋಳು ಮಡಚಿಕೊಳ್ಳುತ್ತ. "ಇವರ ತಲೆ ನಾನು ತೊಳೀತೀನಿ."

ಫೋನು ಮಾಡಿ ಬರುವಷ್ಟರಲ್ಲಿ ವಕೀಲಮ್ಮ ಒದ್ದೆ ಕೂದಲನ್ನೇ ಗಂಟು ಹಾಕಿಕೊಂಡು ಹೊರಟುಹೋಗಿದ್ದರು.

ಮರುದಿನ ವಕೀಲಮ್ಮನ ಆಫೀಸಿಗೆ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡೇ ಬಂದಳು, ಎಲ್ಲ ಹೇಳಿದಳು. ಮುಗಿದ ಮೇಲೂ ಏಳದೆ ವಕೀಲಮ್ಮನ ಮುಖವನ್ನೇ ನೋಡುತ್ತ ಕೂತಳು.

"ಇನ್ನೇನಾದ್ರೂ ಹೇಳೋದಿದೆಯಾ?"

"ನೀವು ಕೇಳ್ತೀರೇನೋ ಅಂತ ಕಾಯ್ತಿದ್ದೆ. ಎಲ್ಲರೂ ಕೇಳ್ತಾರಲ್ಲ, ಆ ಪ್ರಶ್ನೆ."

"ಅದು ನನ್ನ ಕೇಸಿಗೆ ಬೇಕಾಗಿಲ್ಲ."

ಮನೆಯ ಮೆಟ್ಟಿಲು ಹತ್ತುವಾಗ ದೊಡ್ಡಮ್ಮ ಕತ್ತರಿಯ ಕೈ ಒತ್ತಿ, "ಮನುಷ್ಯರ ಹಾಗೆ ಮಾತಾಡಿಸಿದ್ರು ಕಣೇ," ಎಂದಳು.

ಬರೆದು ಕೊಡಿ ಎಂದದ್ದೇ ಇನ್ಸ್‌ಪೆಕ್ಟರನ ಪೆನ್ನು ಕೈಕೊಟ್ಟಿತು. "ಕೂತ್ಕೊಳ್ಳಿ, ಗಲಾಟೆ ಮಾತ್ರ ಬೇಡ," ಎಂದ. ಹೊಸದಾಗಿ ಬರೆದ ಬೋರ್ಡು ಹಿಡಿದು ಅವರು ಗೇಟಿನ ಮುಂದೆ ಕೂತರು. ಹಾಸಿಗೆಯ ವಿಷಯಕ್ಕೆ ವಕೀಲಮ್ಮ ಹಾಕಿದ ಕೇಸು ಅದೇ ವಾರ ಕೋರ್ಟಿನಲ್ಲಿ ವಿಚಾರಣೆಗೆ ಬಂತು.

ಕತ್ತರಿ ವಕೀಲಮ್ಮನ ಹಿಂದಿನ ಬೆಂಚಿನಲ್ಲೇ ಕೂತಿದ್ದಳು. ವಕೀಲಮ್ಮ ವಾದಿಸಲು ಎದ್ದು ನಿಂತಾಗ ಅವಳ ಕಣ್ಣು ಅವರ ತಲೆಯ ಮೇಲೆ ಬಿತ್ತು. ಎದುರಿನಿಂದ ಕಾಣದ ಹಾಗೆ ಬಲಗಿವಿಯ ಹಿಂದೆ ಒಂದು ಪಟ್ಟಿ ಪೂರ್ತಿ ಬಿಳಿ! ಆ ದಿನ ಬಟ್ಟಲು ಕೆಳಗಿಟ್ಟವಳು ಮತ್ತೆ ಎತ್ತಿಕೊಂಡೇ ಇರಲಿಲ್ಲ. ಇಷ್ಟು ಜನರ ಎದುರು ಅವರನ್ನು ಹೀಗೆ ನಿಲ್ಲಿಸಿದೆನಲ್ಲ ಎಂದು ಅವಳಿಗೆ ಭೂಮಿಗೆ ಇಳಿದುಹೋದಂತಾಯಿತು. ನ್ಯಾಯಾಧೀಶರು ಆಸ್ಪತ್ರೆಯವರನ್ನು ಕೇಳಿದ್ದು ಅವಳಿಗೆ ಅರ್ಧ ಮಾತ್ರ ಕೇಳಿಸಿತು.

"ಹೆಂಗಸರ ವಾರ್ಡಿನಲ್ಲಿ ಹಾಸಿಗೆ ಖಾಲಿ ಇತ್ತೆ?"

"ಇತ್ತು."

"ಹಾಗಾದರೆ ವೆರಾಂಡಾ ಯಾಕೆ?"

ಆಸ್ಪತ್ರೆಯ ಕಡೆಯವರು ಫೈಲು ತಿರುವಿ ಹಾಕಿದರು. ಇವರಿಗೂ, ಇವರಂತೆ ಮುಂದೆ ಬರುವವರಿಗೂ ವಾರ್ಡಿನೊಳಗೇ ಹಾಸಿಗೆ ಕೊಡಬೇಕೆಂದು ಆದೇಶವಾಯಿತು. ಗೆಳತಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕತ್ತರಿ ಮಾತ್ರ ಹೊರಗೆ ವಕೀಲಮ್ಮನ ಮುಂದೆ ಕೈಮುಗಿದು ನಿಂತಳು.

"ಮೇಡಂ, ತಪ್ಪಾಯ್ತು. ನಿಮ್ಮ ಕೂದಲು..."

"ಗೊತ್ತು. ನೀನು ಬಟ್ಟಲು ಕೆಳಗಿಟ್ಟಾಗಲೇ ಕನ್ನಡಿಯಲ್ಲಿ ನೋಡಿದೆ."

"ಅಯ್ಯೋ, ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮಾತು ನಿಲ್ಲಿಸಿ ಬಣ್ಣ ಹಚ್ಚೋಕೆ ಶುರು ಮಾಡ್ತಿದ್ದೆ."

ಕತ್ತರಿಗೆ ಥ್ಯಾಂಕ್ಸ್ ಎಂಬ ಮಾತು ತೀರ ಚಿಕ್ಕದೆನಿಸಿತು. ಅದನ್ನೇ ಹೇಳಿದಳು, ಎರಡು ಸಲ ಹೇಳಿದಳು.

ಆಪರೇಷನ್ನಾಗಿ ದೊಡ್ಡಮ್ಮ ಎದ್ದು ಕೂರುವಂತಾದ ದಿನ ವಕೀಲಮ್ಮ ಕೋರ್ಟಿನಿಂದ ಸೀದಾ ಹೆಂಗಸರ ವಾರ್ಡಿಗೆ ಬಂದರು. ಕಿಟಕಿ ಪಕ್ಕದ ಹಾಸಿಗೆ. ಕತ್ತರಿ ಚೀಲದಿಂದ ಬಟ್ಟಲು, ಬ್ರಷ್ಷು ತೆಗೆದಳು. ನರ್ಸು, "ಇದೇನು ಆಸ್ಪತ್ರೆನಾ, ಪಾರ್ಲರಾ?" ಎಂದು ಗೊಣಗಿದಳು, ಆದರೆ ಕಿಟಕಿ ತೆರೆದಿಟ್ಟು ಹೋದಳು. ವಕೀಲಮ್ಮ ಕರಿಕೋಟು ಬಿಚ್ಚಿ ದೊಡ್ಡಮ್ಮನ ಕಾಲಬಳಿ ಇಟ್ಟು, ಭುಜಕ್ಕೆ ಟವೆಲ್ಲು ಹೊದ್ದು, ಸ್ಟೂಲಿನ ಮೇಲೆ ಕೂತು ತಲೆ ವಾಲಿಸಿದರು.

ಪಕ್ಕದ ಹಾಸಿಗೆಯವಳು ದಿಂಬಿಗೊರಗಿ ನೋಡುತ್ತಿದ್ದಳು. ದೊಡ್ಡಮ್ಮ ಹೊಲಿಗೆ ಹಾಕಿದ ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ವಕೀಲಮ್ಮನ ಕಿವಿಯನ್ನು ಮೆಲ್ಲಗೆ ಮಡಚಿ ಹಿಡಿದಳು.

"ಇಲ್ಲಿ ಇನ್ನೂ ಸ್ವಲ್ಪ ಉಳ್ಕೊಂಡಿದೆ ನೋಡು. ಗಡಿಬಿಡಿ ಮಾಡಬೇಡ, ನಿಧಾನಕ್ಕೆ ಹಚ್ಚು."